ತರುಣ ಮಿಷನರಿಯ ದಿನಚರಿ ಮತ್ತು ಕನ್ನಡದ ಕಲಿಕೆ: ಎಡೆದೊರೆನಾಡಿನಿಂದ ಒಂದು ನೋಟ

ಪ್ರವೇಶ

ಕನ್ನಡಕ್ಕೆ ಮಿಷನರಿಗಳ ಕೊಡುಗೆ ಎಂಬುದು ನಮ್ಮ ವಿದ್ವತ್ ವಲಯದಲ್ಲಿ ಸಾಕಷ್ಟು ಚರ್ಚಿತವಾದ ವಿಷಯ. ಈ ಚರ್ಚೆ ಸಾಮಾನ್ಯವಾಗಿ ಎರಡು ದಿಕ್ಕಿನಲ್ಲಿ ಸಾಗುತ್ತದೆ. ನಿಘಂಟು, ವ್ಯಾಕರಣ, ಪತ್ರಿಕೆ, ಗ್ರಂಥಸಂಪಾದನೆಗಳನ್ನು ಪಟ್ಟಿ ಮಾಡಿ ಕೃತಜ್ಞತೆ ಸಲ್ಲಿಸುವುದು ಒಂದು. ಮತಾಂತರ ಹಾಗೂ ವಸಾಹತುಶಾಹಿಯ ಹಿನ್ನೆಲೆಯಲ್ಲಿ ಅವರ ಉದ್ದೇಶವನ್ನು ಪ್ರಶ್ನಿಸುವುದು ಇನ್ನೊಂದು. ಮೊದಲನೆಯದು ಫಲವನ್ನು ನೋಡುತ್ತದೆ, ಎರಡನೆಯದು ಉದ್ದೇಶವನ್ನು ನೋಡುತ್ತದೆ. ಇವೆರಡರ ನಡುವಿನ ನಿತ್ಯದ ಬದುಕು ಮಾತ್ರ ಅಷ್ಟಾಗಿ ಗಮನ ಸೆಳೆದಿಲ್ಲ. ಇಪ್ಪತ್ತರ ಆಸುಪಾಸಿನ ಪರದೇಶದ ತರುಣನೊಬ್ಬ ಬೆಳಗಿನಿಂದ ರಾತ್ರಿಯವರೆಗೆ ಏನು ಮಾಡುತ್ತಿದ್ದ? ಯಾವ ಬೀದಿಯಲ್ಲಿ ನಡೆದ? ಯಾರಿಂದ ಮಾತು ಕಲಿತ? ಈ ಪ್ರಶ್ನೆಗಳು ಕೇವಲ ಜೀವನಚರಿತ್ರೆಗೆ ಸೇರಿದವಲ್ಲ. ಆತ ನಡೆದ ದಾರಿಯ ಮಾತು ಕೋಶವನ್ನು ಸೇರಿದೆ. ನಡೆಯದ ದಾರಿಯ ಮಾತಿಗೆ ಆ ಅವಕಾಶ ಕಡಿಮೆಯಾಗಿದೆ. ರಾಯಚೂರು, ದೇವದುರ್ಗ, ಮಾನ್ವಿಗಳನ್ನೊಳಗೊಂಡ ಎಡೆದೊರೆನಾಡಿನಲ್ಲಿ ನಿಂತು ಈ ಸಂಗತಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ನಿಯಮಬದ್ಧವಾದ ಒಂದು ದಿನ

ತರುಣ ಮಿಷನರಿಯ ದಿನಚರಿ ಇಂದಿಗೂ ಅತ್ಯಂತ ಸ್ಪಷ್ಟ ರೂಪದಲ್ಲಿ ಉಳಿದಿರುವುದು ಮಾರ್ಮನ್ನರೆಂದು ಜನಜನಿತವಾದ ಪಂಥದಲ್ಲಿ. 1830ರಲ್ಲಿ ಜೋಸೆಫ್ ಸ್ಮಿತ್‌ನು ಅಮೆರಿಕೆಯ ನ್ಯೂಯಾರ್ಕ್ ಸಂಸ್ಥಾನದಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ಪೂರ್ಣ ಹೆಸರು 'ಕಡೆಯ ದಿನಗಳ ಸಂತರ ಯೇಸುಕ್ರಿಸ್ತನ ಸಭೆ'. ತರುಣರು ಎರಡು ವರ್ಷ, ತರುಣಿಯರು ಒಂದೂವರೆ ವರ್ಷ ಮನೆ ಬಿಟ್ಟು ಸೇವೆ ಸಲ್ಲಿಸುವ ಪದ್ಧತಿ ಇಲ್ಲಿದೆ. 2012ರಲ್ಲಿ ತರುಣರ ಕನಿಷ್ಠ ವಯಸ್ಸನ್ನು 19ರಿಂದ 18ಕ್ಕೆ, ತರುಣಿಯರದನ್ನು 21ರಿಂದ 19ಕ್ಕೆ ಇಳಿಸಲಾಯಿತು. ಯಾವ ದೇಶಕ್ಕೆ ಹೋಗಬೇಕೆಂಬುದನ್ನು ಹೋಗುವವರು ತಾವೇ ಆರಿಸಿಕೊಳ್ಳುವಂತಿಲ್ಲ; ಸಭೆಯಿಂದ ಬರುವ ಪತ್ರ ಅದನ್ನು ತಿಳಿಸುತ್ತದೆ. ವೆಚ್ಚದ ಹೊಣೆ ಬಹುಮಟ್ಟಿಗೆ ಅವರದು ಮತ್ತು ಅವರ ಕುಟುಂಬದ್ದು.

ದೀರ್ಘಕಾಲ ರೂಢಿಯಲ್ಲಿದ್ದ ವೇಳಾಪಟ್ಟಿಯಂತೆ ಆತ ಬೆಳಿಗ್ಗೆ ಆರೂವರೆಗೆ ಏಳಬೇಕು. ಅರ್ಧ ಗಂಟೆ ವ್ಯಾಯಾಮ, ಬಳಿಕ ಸ್ನಾನ, ಉಪಾಹಾರ. ಎಂಟರಿಂದ ಒಂಟಿಯಾಗಿ ಧರ್ಮಗ್ರಂಥದ ಅಧ್ಯಯನ, ಅನಂತರ ಜೊತೆಗಾರನೊಂದಿಗೆ ಅಧ್ಯಯನ, ಪರಭಾಷೆಯ ನಾಡಿನಲ್ಲಿದ್ದರೆ ಭಾಷೆಯ ಕಲಿಕೆ. ಆಮೇಲೆ ಬೀದಿ, ಮನೆಬಾಗಿಲು, ಭೇಟಿ, ಸೇವಾಕಾರ್ಯ. ರಾತ್ರಿ ಒಂಬತ್ತರ ಸುಮಾರಿಗೆ ಮರಳಿ ಬಂದು, ಮರುದಿನದ ಕೆಲಸವನ್ನು ಬರೆದಿಟ್ಟು, ಹತ್ತೂವರೆಗೆ ಮಲಗಬೇಕು. 2017ರಿಂದ ಈ ವೇಳೆಗಳನ್ನು ಸ್ಥಳೀಯ ಸ್ಥಿತಿಗೆ ಹೊಂದಿಸಿಕೊಳ್ಳಲು ಹೆಚ್ಚಿನ ಅವಕಾಶ ದೊರೆತಿದೆ. ವಾರದಲ್ಲೊಂದು ದಿನ ಬಟ್ಟೆ ಒಗೆಯಲು, ಸಂತೆ ಮಾಡಲು, ಮನೆಗೆ ಪತ್ರ ಬರೆಯಲು ಮೀಸಲು. ಹಿಂದೆ ಮನೆಯವರೊಂದಿಗೆ ದೂರವಾಣಿಯಲ್ಲಿ ಮಾತನಾಡಲು ವರ್ಷಕ್ಕೆ ಎರಡೇ ಸಂದರ್ಭಗಳಿದ್ದವು: ಕ್ರಿಸ್‌ಮಸ್ ಮತ್ತು ತಾಯಂದಿರ ದಿನ. 2019ರಲ್ಲಿ ವಾರಕ್ಕೊಮ್ಮೆ ಮಾತನಾಡಲು ಅನುಮತಿ ನೀಡಲಾಯಿತು.

ಈ ದಿನಚರಿಯಲ್ಲಿ ಗಮನಿಸಬೇಕಾದ ಅಂಶಗಳು ಮೂರು. ಮೊದಲನೆಯದಾಗಿ, ಆತ ಎಂದಿಗೂ ಒಂಟಿಯಲ್ಲ; ಜೊತೆಗಾರನಿಲ್ಲದೆ ಹೊರಗೆ ಕಾಲಿಡುವಂತಿಲ್ಲ. ಎರಡನೆಯದಾಗಿ, ಆತನ ಮೊದಲ ಹೆಸರು ಹಿಂದೆ ಸರಿಯುತ್ತದೆ. ಎದೆಯ ಮೇಲಿನ ಫಲಕದಲ್ಲಿ 'ಎಲ್ಡರ್' ಎಂಬ ಪದದೊಂದಿಗೆ ಮನೆತನದ ಹೆಸರಷ್ಟೇ ಇರುತ್ತದೆ. ಮೂರನೆಯದಾಗಿ, ಭಾಷೆಯ ಕಲಿಕೆ ಇಲ್ಲಿ ವಿದ್ಯಾವಿಲಾಸವಲ್ಲ, ನಿತ್ಯಕರ್ಮ. ಈ ಮೂರನೆಯ ಅಂಶವೇ ನಮ್ಮನ್ನು ಕನ್ನಡದ ಸಂದರ್ಭಕ್ಕೆ ಕರೆತರುತ್ತದೆ.

2. 1853: ಮೂರು ಘಟನೆಗಳು

ಕಾಕತಾಳೀಯವಾಗಿ 1853ರಲ್ಲಿ ನಮ್ಮ ವಿಷಯಕ್ಕೆ ಸಂಬಂಧಪಟ್ಟ ಮೂರು ಘಟನೆಗಳು ನಡೆದವು. ಆ ವರ್ಷದ ಏಪ್ರಿಲ್‌ನಲ್ಲಿ ಮಾರ್ಮನ್ ಪ್ರಚಾರಕರ ಒಂದು ತಂಡ ಕಲ್ಕತ್ತೆಯಲ್ಲಿ ಬಂದಿಳಿಯಿತು. ಹಣದ ಚೀಲವಿಲ್ಲದೆ ಹೊರಟು, ಕೇಳುವವರ ಆತಿಥ್ಯವನ್ನೇ ನಂಬಿ ನಡೆಯುವುದು ಅಂದಿನ ಆ ಪಂಥದ ರೂಢಿ. ಅವರ ಕೆಲಸ ಹೆಚ್ಚಾಗಿ ಇಂಗ್ಲಿಷ್ ಬಲ್ಲ ಯುರೋಪಿಯನ್ನರು ಮತ್ತು ಸೈನಿಕರ ನಡುವೆಯೇ ನಡೆಯಿತು. ಕೆಲವೇ ವರ್ಷಗಳಲ್ಲಿ ಬಹುತೇಕರು ಹಿಂದಿರುಗಿದರು. ಬೆಂಗಳೂರನ್ನು ಕೇಂದ್ರವಾಗಿಸಿಕೊಂಡು ಆ ಸಭೆಯ ಮಿಷನ್ ಆರಂಭವಾದದ್ದು 1993ರಲ್ಲಿ. ಬೆಂಗಳೂರಿಗೆ ದೇವಾಲಯವೊಂದನ್ನು ಘೋಷಿಸಿದ್ದು 2018ರಲ್ಲಿ.

ಅದೇ 1853ರಲ್ಲಿ ಬಾಸೆಲ್ ಮಿಷನ್ ಕಳುಹಿಸಿದ 21 ವರ್ಷದ ಫರ್ಡಿನೆಂಡ್ ಕಿಟೆಲ್ ಮಂಗಳೂರಿಗೆ ಬಂದರು. ಉತ್ತರ ಜರ್ಮನಿಯ ಕಡಲತೀರದ ಈ ತರುಣ 1832ರಲ್ಲಿ ಜನಿಸಿ, ಬಾಸೆಲ್‌ನಲ್ಲಿ ತರಬೇತಿ ಪಡೆದಿದ್ದರು. ಕಲ್ಕತ್ತೆಗೆ ಬಂದವರು ತಮ್ಮ ಭಾಷೆ ಬಲ್ಲವರನ್ನು ಹುಡುಕಿದರು; ಮಂಗಳೂರಿಗೆ ಬಂದವರು ತಾವಿದ್ದ ನಾಡಿನ ಭಾಷೆಯನ್ನು ಕಲಿಯಲು ಕುಳಿತರು. ನಂಬಿಕೆಯ ತೀವ್ರತೆ ಎರಡೂ ಕಡೆ ಇತ್ತು. ಭೇದವಿದ್ದದ್ದು ದಿನದ ಹೊತ್ತನ್ನು ವಿನಿಯೋಗಿಸಿದ ರೀತಿಯಲ್ಲಿ.

ಮೂರನೆಯ ಘಟನೆ ನಮ್ಮ ಸೀಮೆಗೇ ಸೇರಿದ್ದು. 1853ರ ಒಪ್ಪಂದದಂತೆ ಹೈದರಾಬಾದಿನ ನಿಜಾಮರು ಬೇರಾರಿನೊಂದಿಗೆ ರಾಯಚೂರು ದೋಆಬವನ್ನೂ ಇಂಗ್ಲಿಷರ ಆಡಳಿತಕ್ಕೆ ಒಪ್ಪಿಸಿದರು. 1860ರಲ್ಲಿ ಅದು ಮತ್ತೆ ನಿಜಾಮರ ಕೈಸೇರಿತು. ಕನ್ನಡದ ಮುದ್ರಣ ಮತ್ತು ಶಾಲೆಗಳು ಧಾರವಾಡ, ಮಂಗಳೂರು, ಬೆಂಗಳೂರುಗಳಲ್ಲಿ ಬೇರುಬಿಡುತ್ತಿದ್ದ ದಶಕಗಳಲ್ಲಿ ಈ ಸೀಮೆಯ ಕನ್ನಡಕ್ಕೆ ಆಡಳಿತದ ಆಸರೆ ಇರಲಿಲ್ಲ. ಮೊದಲು ಫಾರ್ಸಿ, ಅನಂತರ ಉರ್ದು ಕಚೇರಿಯ ಭಾಷೆಗಳಾದವು. ಕನ್ನಡ ಉಳಿದದ್ದು ಹೊಲ, ಮನೆ, ಮಠ, ಭಜನೆಗಳಲ್ಲಿ.

3. ಬಾಸೆಲ್ ತರುಣನ ದಿನ

ಹೊರದೇಶದ ಮಿಷನರಿಗಳಿಗೆ ಭಾರತದ ಬಾಗಿಲು ತೆರೆದದ್ದು 1833ರ ಸನ್ನದಿನಿಂದ. ಮರುವರ್ಷ, 1834ರಲ್ಲಿ, ಹೆಬಿಕ್, ಲೆನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಧಾರವಾಡ (1837), ಹುಬ್ಬಳ್ಳಿ (1839), ಗದಗಿನ ಬೆಟಗೇರಿ (1841), ಗುಳೇದಗುಡ್ಡ (1851) ಹೀಗೆ ಠಾಣ್ಯಗಳು ಒಳನಾಡಿಗೆ ಚಾಚಿಕೊಂಡವು. ಬಂದವರಲ್ಲಿ ಅನೇಕರು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ರೈತ ಮತ್ತು ಕುಶಲಕರ್ಮಿ ಮನೆತನಗಳವರು. ಮದುವೆಯಾಗಲೂ ಬಾಸೆಲ್‌ನ ಸಮಿತಿಯ ಅನುಮತಿ ಬೇಕಿತ್ತು. ಕೆಲಸದ ವರದಿಯನ್ನು ನಿಯತವಾಗಿ ಬರೆದು ಕಳುಹಿಸಬೇಕಿತ್ತು. ಆ ಕಾಗದಪತ್ರಗಳು ಇಂದಿಗೂ ಬಾಸೆಲ್‌ನ ಪತ್ರಾಗಾರದಲ್ಲಿವೆ.

ಹೊಸಬನ ದಿನದ ಮುಖ್ಯ ಕೆಲಸ ಮುನ್ಷಿಯ ಮುಂದೆ ಕುಳಿತು ಕನ್ನಡ ಕಲಿಯುವುದು. ಅಕ್ಷರ, ಉಚ್ಚಾರ, ಓದು, ತಪ್ಪಿನ ತಿದ್ದುಪಡಿ, ಮತ್ತೆ ಓದು. ಇಲ್ಲಿ ಅಧಿಕಾರದ ಸಂಬಂಧ ತಲೆಕೆಳಗಾಗುವುದನ್ನು ಗಮನಿಸಬೇಕು. ಸಂಬಳ ಕೊಡುವವನು ಶಿಷ್ಯ. ಸಂಬಳ ಪಡೆಯುವವನು ಗುರು. ಬೋಧಿಸಲೆಂದು ಸಮುದ್ರ ದಾಟಿ ಬಂದವನು ಮೊದಲು ಮಗುವಿನಂತೆ ಒತ್ತು, ಗುಣಿತಗಳಲ್ಲಿ ಎಡವಬೇಕು. ಪಾಠ ಮುಗಿದ ಮೇಲೆ ಶಾಲೆ, ಪೇಟೆ, ಸಂತೆ, ಜಾತ್ರೆ. ಬೋಧಿಸಲು ಹೋದಲ್ಲಿ ಅವನು ಕೇಳಿಸಿಕೊಳ್ಳಲೂ ಬೇಕಿತ್ತು. ಪ್ರತಿವಾದ, ಗೇಲಿ, ಗಾದೆ, ಬೈಗುಳ ಎಲ್ಲವೂ ಅವನ ಕಿವಿಗೆ ಬೀಳುತ್ತಿದ್ದವು. ಪುಸ್ತಕದ ಕನ್ನಡ ಮುನ್ಷಿಯಿಂದ ಬಂದರೆ ಆಡುಗನ್ನಡ ಬಂದದ್ದು ಈ ಬೀದಿಯಿಂದ.

ಇಂಥ ಅಸಂಖ್ಯ ದಿನಗಳ ಸಂಚಯವೇ ನಾವಿಂದು 'ಕೊಡುಗೆ' ಎಂದು ಕರೆಯುವ ಕೃತಿಗಳು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರು ಸಮಾಚಾರ'ವನ್ನು ಹೊರತಂದರು. 'ಬಿಬ್ಲಿಯೋಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಹಳೆಯ ಕೃತಿಗಳನ್ನು ಅಚ್ಚು ಹಾಕಿಸಿದರು. 1850ರಲ್ಲಿ ದಾಸರ ಪದಗಳ ಸಂಕಲನವೊಂದನ್ನು ಪ್ರಕಟಿಸಿದರು. ಕಿಟೆಲ್ ಕೇಶಿರಾಜನ 'ಶಬ್ದಮಣಿದರ್ಪಣ' (1872), ನಾಗವರ್ಮನ 'ಛಂದೋಂಬುಧಿ' (1875)ಗಳನ್ನು ಸಂಪಾದಿಸಿ, ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ಕೋಶವನ್ನು 1894ರಲ್ಲಿ ಪ್ರಕಟಿಸಿದರು. 21ನೆಯ ವಯಸ್ಸಿನಲ್ಲಿ ಆರಂಭವಾದ ಕಲಿಕೆ 62ನೆಯ ವಯಸ್ಸಿನಲ್ಲಿ ಗ್ರಂಥವಾಯಿತು. ಅದರ ಮುಖಪುಟದಲ್ಲಿರುವುದು ಒಬ್ಬರ ಹೆಸರು. ಅದರೊಳಗೆ ಇರುವುದು ಕಲಿಸಿದವರ, ಉತ್ತರ ಕೊಟ್ಟವರ, ಬೈದವರ ಮಾತು.

4. ಹೊಸ್ತಿಲಿಗೆ ಬಂದ ಇನ್ನೊಬ್ಬರು

ಮನೆಮನೆಯ ಬಾಗಿಲಿಗೆ ಧರ್ಮದ ಮಾತನ್ನು ಒಯ್ಯುವ ನಿತ್ಯಕರ್ಮ ಎಡೆದೊರೆನಾಡಿಗೆ ಹೊಸದೇನೂ ಆಗಿರಲಿಲ್ಲ. ಮಾನ್ವಿ ಸೀಮೆಯ ಚೀಕಲಪರ್ವಿಯ ವಿಜಯದಾಸರು (1682-1755), ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯಲ್ಲಿ ನೆಲೆಸಿ 'ಹರಿಕಥಾಮೃತಸಾರ'ವನ್ನು ರಚಿಸಿದ ಜಗನ್ನಾಥದಾಸರು (1728-1809) ಈ ಪರಂಪರೆಯ ಪ್ರಮುಖರು. ದಾಸದೀಕ್ಷೆಯಲ್ಲಿಯೂ ನಿಯಮಬದ್ಧವಾದ ದಿನವುಂಟು: ಪ್ರಾತಃಸ್ನಾನ, ಪೂಜೆ, ಕಾಲಿಗೆ ಗೆಜ್ಜೆ, ಕೈಯಲ್ಲಿ ತಂಬೂರಿ, ಚಿಪ್ಪಳಿ, ಹಾಡುತ್ತ ಬೀದಿ ಸುತ್ತುವ ಯಾಯಿವಾರ. ಗುರುವಿನಿಂದ ದೊರೆತ ಅಂಕಿತದ ಮುಂದೆ ಹುಟ್ಟುಹೆಸರು ಹಿಂದೆ ಸರಿಯುತ್ತದೆ. ವೀರಶೈವ ಪರಂಪರೆಯ ಚರಜಂಗಮನ ಜೋಳಿಗೆ ಮತ್ತು ಕಂತಿಭಿಕ್ಷೆಯನ್ನೂ ಇದೇ ಸಾಲಿನಲ್ಲಿ ನೋಡಬಹುದು. ಹೊಸ ಹೆಸರು, ಗುರುತಿನ ವೇಷ, ನಿಗದಿತ ದಿನಚರಿ, ಮನೆಯಿಂದ ದೂರವಾದ ಸಂಚಾರ ಎಂಬ ಲಕ್ಷಣಗಳಲ್ಲಿ ದಾಸ, ಜಂಗಮ, ಮಿಷನರಿ ಮೂವರೂ ಸಮಾನರು.

ಆದರೆ ಸಾಮ್ಯವನ್ನು ಇಲ್ಲಿಗೇ ನಿಲ್ಲಿಸಬೇಕು. ದಾಸ ಅಥವಾ ಜಂಗಮ ಹೊಸ್ತಿಲಲ್ಲಿ ನಿಂತು ಕಾಳನ್ನು ಬೇಡುತ್ತಾನೆ. ಬೇಡುವುದರಿಂದಲೇ ಅವನು ಊರಿನ ಋಣಕ್ಕೆ ಒಳಪಡುತ್ತಾನೆ. ಊರು ಅವನ ಹಾಡಿನ ಪಾಲುದಾರನಾಗುತ್ತದೆ. ಬಾಸೆಲ್ ಮಿಷನರಿ ಕಾಳನ್ನು ಬೇಡಲಿಲ್ಲ. ಕೊಡಲು ಬಂದವನೆಂದೇ ಅವನು ತನ್ನನ್ನು ಭಾವಿಸಿದ್ದ. ಹಾಗಿದ್ದೂ ಅವನು ಈ ಊರುಗಳಿಂದ ಪಡೆದದ್ದಿದೆ. ಅದು ಮಾತು. ಕಾಳಿನ ಋಣಕ್ಕೆ ನಮ್ಮ ಸಂಪ್ರದಾಯದಲ್ಲಿ ಹೆಸರುಂಟು, ಆಚರಣೆಯುಂಟು. ಮಾತಿನ ಋಣವನ್ನು ಗುರುತಿಸುವ ಪರಿಭಾಷೆಯನ್ನು ಕನ್ನಡ ಸಂಶೋಧನೆ ಇನ್ನೂ ರೂಪಿಸಿಕೊಳ್ಳಬೇಕಾಗಿದೆ.

5. ಕೋಶದ ಭೂಗೋಳ

ಮೇಲೆ ಹೇಳಿದ ಠಾಣ್ಯಗಳನ್ನು ನಕಾಶೆಯ ಮೇಲೆ ಗುರುತಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅವೆಲ್ಲ ಕರಾವಳಿ ಮತ್ತು ಅಂದಿನ ಮುಂಬಯಿ ಪ್ರಾಂತದ ದಕ್ಷಿಣ ಮರಾಠಾ ಸೀಮೆಯಲ್ಲಿವೆ. ಕೃಷ್ಣಾ ಮತ್ತು ತುಂಗಭದ್ರೆಗಳ ನಡುವಣ ನಿಜಾಮರ ಸೀಮೆ ಅದರ ಹೊರಗೆ ಉಳಿಯುತ್ತದೆ. ಕಿಟೆಲ್ ಕೋಶದಲ್ಲಿ ಮೈಸೂರು, ದಕ್ಷಿಣ ಮರಾಠಾ ಸೀಮೆ ಎಂಬ ಪ್ರದೇಶಸೂಚಕಗಳು ಪದೇ ಪದೇ ಬರುವುದಕ್ಕೆ ಈ ಹಿನ್ನೆಲೆಯುಂಟು. ದೋಆಬಿಗೆ ತೀರ ಹತ್ತಿರ ಬಂದ ಕೋಶಕಾರರೆಂದರೆ ಬಳ್ಳಾರಿಯ ಲಂಡನ್ ಮಿಷನ್‌ನವರು. ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತಂದರು. ಅದೇ ಮಿಷನ್ನಿನ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ಕೋಶ 1832ರಲ್ಲಿ ಪ್ರಕಟವಾಯಿತು. ಬಳ್ಳಾರಿ 1800ರಲ್ಲಿಯೇ ಇಂಗ್ಲಿಷರ ವಶವಾಗಿತ್ತು. ಅಲ್ಲಿಂದ ತುಂಗಭದ್ರೆ ದಾಟಿದರೆ ಮಾನ್ವಿಯ ಸೀಮೆ. ಆದರೆ ಆ ಹೊಳೆ ಅಂದು ಎರಡು ಆಳ್ವಿಕೆಗಳ ಗಡಿಯೂ ಆಗಿತ್ತು.

ಎರಿ, ಮಸಾರಿ, ಕೂರಿಗಿ, ಎಡಿಕುಂಟಿಗಳಂಥ ಬೇಸಾಯದ ಮಾತುಗಳು ಧಾರವಾಡ ಸೀಮೆಗೂ ನಮ್ಮ ಸೀಮೆಗೂ ಸಮಾನ. ಅವು ಧಾರವಾಡದ ಬೀದಿಯಿಂದಲಾದರೂ ಕೋಶವನ್ನು ಸೇರುವ ದಾರಿಯಿತ್ತು. ಆದರೆ ಉರ್ದು ಆಡಳಿತ, ತೆಲುಗಿನ ನೆರೆ ಮತ್ತು ಕನ್ನಡದ ಮನೆಮಾತು ಕೂಡಿ ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ರೂಪುಗೊಂಡ ನುಡಿಗೆ ಅಂಥ ಪ್ರತಿನಿಧಿ ಇರಲಿಲ್ಲ. ಅದನ್ನು ಕೋಶಕಾರನ ಅಲಕ್ಷ್ಯವೆನ್ನುವುದು ಸರಿಯಲ್ಲ. ಆತನ ದಿನದ ನಡಿಗೆ ಇಲ್ಲಿಗೆ ತಲುಪಲಿಲ್ಲ ಎನ್ನುವುದೇ ಹೆಚ್ಚು ಯುಕ್ತ. ಆದರೆ ಅದರ ಪರಿಣಾಮ ಇಂದಿಗೂ ಇದೆ. ಕೋಶದಲ್ಲಿ ಕಾಣದ ಮಾತನ್ನು 'ಅಶುದ್ಧ'ವೆಂದು ತರಗತಿಯಲ್ಲಿ ತಿದ್ದುವ ರೂಢಿ ನಮ್ಮಲ್ಲಿದೆ. ಹಾಗೆ ತಿದ್ದಿಸಿಕೊಂಡ ವಿದ್ಯಾರ್ಥಿ ತನ್ನ ತಾಯಿಯ ಮಾತನ್ನು ತರಗತಿಯ ಹೊರಗೆ ಬಿಟ್ಟು ಬರುವುದನ್ನು ಕಲಿಯುತ್ತಾನೆ. ಒಬ್ಬ ತರುಣ ನೂರೈವತ್ತು ವರ್ಷಗಳ ಹಿಂದೆ ನಡೆದ ದಾರಿಯ ಮಿತಿ ಹೀಗೆ ಇಂದಿನ ಮಗುವಿನ ನಾಲಗೆಯ ಮಿತಿಯಾಗುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಹೊರಡುತ್ತವೆ. ಮಿಷನರಿ ಸಾಹಿತ್ಯವನ್ನು ಕೃತಿಗಳ ಪಟ್ಟಿಯಾಗಿ ನೋಡುವುದರೊಂದಿಗೆ ದಿನಗಳ ಪಟ್ಟಿಯಾಗಿಯೂ ಓದಬೇಕು. ಪತ್ರಾಗಾರದಲ್ಲಿರುವ ವರದಿಗಳಲ್ಲಿ ಎಷ್ಟು ಜನ ಮತಾಂತರವಾದರೆಂಬುದರ ಜೊತೆಗೆ ಯಾರು ಕನ್ನಡ ಕಲಿಸಿದರು, ಯಾವ ಊರಿನ ಸಂತೆಗೆ ಹೋದರು ಎಂಬುದನ್ನೂ ಹುಡುಕಬೇಕು. ಮುನ್ಷಿಗಳನ್ನು ಕೋಶರಚನೆಯ ಚರಿತ್ರೆಯೊಳಗೆ ಸಹಕರ್ತೃಗಳಾಗಿ ತರಬೇಕು.

ಇದಕ್ಕಿಂತ ಮುಖ್ಯವಾದದ್ದು ನಮ್ಮ ಸೀಮೆಯ ಹೊಣೆ. ನೋಟ್‌ಬುಕ್ಕು, ಧ್ವನಿಮುದ್ರಕಗಳನ್ನು ಹಿಡಿದು ದೇವದುರ್ಗ, ಮಾನ್ವಿಗಳ ಹಳ್ಳಿಗಳಿಗೆ ಬಸ್ಸಿನಲ್ಲಿ ಹೋಗುವ ಇಂದಿನ ಸಂಶೋಧಕನೂ ಒಂದರ್ಥದಲ್ಲಿ ಹೊಸ್ತಿಲಿಗೆ ಬಂದವನೇ. ಅವನೂ ಮಾತನ್ನು ಪಡೆದು ಹಿಂದಿರುಗುತ್ತಾನೆ. ಅವನ ಪ್ರಬಂಧದ ಮುಖಪುಟದಲ್ಲಿಯೂ ಒಂದೇ ಹೆಸರಿರುತ್ತದೆ. ಹಾಡಿದ ಅವ್ವನ, ಕಥೆ ಹೇಳಿದ ಮುತ್ಯಾನ ಊರು, ಅವರ ಒಪ್ಪಿಗೆಯಿದ್ದರೆ ಅವರ ಹೆಸರು ಪ್ರಬಂಧದೊಳಗೆ ಸೇರಬೇಕು. ಅವರ ಮಾತು ಅವರು ಆಡಿದ ರೂಪದಲ್ಲಿಯೇ ದಾಖಲಾಗಬೇಕು. ಕಿಟೆಲ್ ಒಂದು ಭಾಷೆಗಾಗಿ ನಾಲ್ಕು ದಶಕಗಳ ದಿನಗಳನ್ನು ಮೀಸಲಿಟ್ಟರು. ಇದೇ ನೆಲದಲ್ಲಿ ಹುಟ್ಟಿ ಇದೇ ಮಾತನ್ನಾಡುವ ನಾವು ಎಡೆದೊರೆನಾಡಿನ ನುಡಿಕೋಶಕ್ಕಾಗಿ ದಿನಕ್ಕೊಂದು ಗಂಟೆಯನ್ನಾದರೂ ಕೊಡಬಲ್ಲೆವೇ ಎಂಬುದು ಈ ಭಾಗದ ಕನ್ನಡ ವಿಭಾಗಗಳ ಮುಂದಿರುವ ಪ್ರಶ್ನೆ.