ಅಗ್ಗದ ಟಿಕೆಟ್ಟಿನ ಒಳಲೆಕ್ಕ

ವಿಮಾನದ ಟಿಕೆಟ್ಟಿಗೆ ತೆರುವ ಹಣ ಒಂದೇ ಮೊತ್ತವಾಗಿ ಕಂಡರೂ ಅದು ಹಲವು ಕೈಗಳಿಗೆ ಹಂಚಿಹೋಗುವ ಹಣವಾಗಿದ್ದು, ಅದರಲ್ಲಿ ಯಾವ ಪಾಲನ್ನು ಉಳಿಸಬಹುದು, ಯಾವ ಪಾಲನ್ನು ಮರಳಿ ಕೇಳಬಹುದು ಎಂಬುದು ಆ ಹಂಚಿಕೆಯನ್ನು ಅರಿತವರಿಗೆ ಮಾತ್ರ ತಿಳಿಯುತ್ತದೆ. ವಿಮಾನ ಸಂಸ್ಥೆ ತಾನೇ ನಿಗದಿಪಡಿಸುವ ಮೂಲದರ ಮತ್ತು ಕೆಲವೊಮ್ಮೆ ಅದರ ಜೊತೆಗೆ ಸೇರುವ ಇಂಧನ ಶುಲ್ಕ ಸಂಸ್ಥೆಗೇ ಸಲ್ಲುತ್ತವೆ. ಟಿಕೆಟ್ಟಿನಲ್ಲಿ ಯುಡಿಎಫ್ ಎಂದು ನಮೂದಾಗುವ ಬಳಕೆದಾರರ ಅಭಿವೃದ್ಧಿ ಶುಲ್ಕ ನಿಲ್ದಾಣವನ್ನು ನಡೆಸುವವರಿಗೆ ಹೋಗುತ್ತದೆ. ಭದ್ರತಾ ಶುಲ್ಕ ಮತ್ತು ಎಕಾನಮಿ ದರ್ಜೆಯ ಮೇಲಿನ ಶೇ 5ರ ಜಿಎಸ್‌ಟಿ ಬೇರೆ ಬೇರೆ ದಾರಿ ಹಿಡಿಯುತ್ತವೆ. ಇವೆಲ್ಲದರ ಮೇಲೆ, ಹಣ ಪಾವತಿಸುವ ಕೊನೆಯ ಪುಟದಲ್ಲಿ, ಕನ್ವೀನಿಯನ್ಸ್ ಶುಲ್ಕ ಎಂಬ ಹೆಸರಿನಲ್ಲಿ ತಲಾ ಕೆಲವು ನೂರು ರೂಪಾಯಿ ಸೇರುವುದುಂಟು.

ಸಾಮಾನ್ಯ ಕುಟುಂಬಗಳು ಹೆಚ್ಚು ಹಣ ಕಳೆದುಕೊಳ್ಳುವುದು ಟಿಕೆಟ್ ಕೊಳ್ಳುವಾಗ ಅಲ್ಲ, ಅದನ್ನು ರದ್ದುಪಡಿಸುವಾಗ ಅಥವಾ ಪ್ರಯಾಣ ತಪ್ಪಿದಾಗ ಎಂಬುದು ಈ ಅಂಕಣಕಾರರು ಬಂಧುಗಳ ಮತ್ತು ನೆರೆಯವರ ಪ್ರಯಾಣಗಳನ್ನು ಏರ್ಪಡಿಸುತ್ತ ಕಂಡುಕೊಂಡ ಸಂಗತಿ. ‘ರಿಫಂಡ್ ಇಲ್ಲ’ ಎಂಬ ಷರತ್ತಿನ ಅಗ್ಗದ ಟಿಕೆಟ್ಟನ್ನು ಕೊಂಡವರು, ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದು ಹೊರಡಲಾಗದಿದ್ದರೆ, ಪೂರ್ತಿ ಹಣ ಹೋಯಿತೆಂದು ತಿಳಿದು ಸುಮ್ಮನಾಗುತ್ತಾರೆ. ಆದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ದೇಶದ ವಿಮಾನಯಾನವನ್ನು ನಿಯಂತ್ರಿಸುವ ಡಿಜಿಸಿಎಯ, ನಿಯಮದ ಪ್ರಕಾರ ರದ್ದತಿ ಶುಲ್ಕ ಯಾವ ಸಂದರ್ಭದಲ್ಲೂ ಮೂಲದರ ಮತ್ತು ಇಂಧನ ಶುಲ್ಕಗಳ ಮೊತ್ತವನ್ನು ಮೀರುವಂತಿಲ್ಲ. ನಿಲ್ದಾಣದ ಶುಲ್ಕ ಮತ್ತು ಶಾಸನಬದ್ಧ ತೆರಿಗೆಗಳನ್ನು, ಟಿಕೆಟ್ ರದ್ದಾದರೂ, ಪ್ರಯಾಣಿಕ ಬಾರದೆ ವಿಮಾನ ತಪ್ಪಿದರೂ, ಮೂಲದರ ಮರಳದ ರಿಯಾಯಿತಿ ಟಿಕೆಟ್ಟಾದರೂ ಹಿಂದಿರುಗಿಸಬೇಕು. ಉದಾಹರಣೆಗೆ 4,500 ರೂಪಾಯಿಯ ಟಿಕೆಟ್ಟಿನಲ್ಲಿ ಮೂಲದರ ಮತ್ತು ಇಂಧನ ಶುಲ್ಕ ಸೇರಿ 3,500 ಇದ್ದರೆ, ಉಳಿದ 1,000 ರೂಪಾಯಿಯ ಮೇಲೆ ರದ್ದತಿಯ ಹೆಸರಿನಲ್ಲಿ ಕೈಹಾಕಲು ಸಂಸ್ಥೆಗೆ ಅವಕಾಶವಿಲ್ಲ. ನಾಲ್ವರ ಕುಟುಂಬಕ್ಕೆ ಅದು ನಾಲ್ಕು ಸಾವಿರವಾಗುತ್ತದೆ, ಮತ್ತು ಅನೇಕ ಮನೆಗಳಲ್ಲಿ ಅದು ತಿಂಗಳ ದಿನಸಿಯ ಹಣ. ಕೇಳದೆ ಬಿಟ್ಟರೆ ಅದು ತಾನಾಗಿ ಖಾತೆಗೆ ಬರುತ್ತದೆಂಬ ಭರವಸೆಯನ್ನು ಯಾರೂ ಇಟ್ಟುಕೊಳ್ಳಬಾರದು. ಮರಳುವ ಹಣವನ್ನು ಮುಂದಿನ ಪ್ರಯಾಣಕ್ಕೆ ಜಮೆಯಾಗಿ ಇರಿಸಿಕೊಳ್ಳಬೇಕೋ ಬ್ಯಾಂಕಿಗೆ ಪಡೆಯಬೇಕೋ ಎಂಬ ಆಯ್ಕೆಯೂ ಪ್ರಯಾಣಿಕರದೇ ಹೊರತು ಸಂಸ್ಥೆಯದಲ್ಲ.

ಇದೇ ನಿಯಮಾವಳಿಯಲ್ಲಿ ಹೆಚ್ಚು ಜನ ಬಳಸದ ಇನ್ನೊಂದು ಸೌಲಭ್ಯವಿದೆ. ಪ್ರಯಾಣದ ದಿನ ಇನ್ನೂ ಒಂದು ವಾರಕ್ಕಿಂತ ದೂರವಿದ್ದು, ವಿಮಾನ ಸಂಸ್ಥೆಯಿಂದಲೇ ನೇರವಾಗಿ ಟಿಕೆಟ್ ಕೊಂಡಿದ್ದರೆ, ದೇಶದೊಳಗಿನ ಪ್ರಯಾಣಕ್ಕೆ ಸಂಬಂಧಿಸಿದಂತೆ ಕಾದಿರಿಸಿದ 24 ಗಂಟೆಗಳೊಳಗೆ ಯಾವ ದಂಡವೂ ಇಲ್ಲದೆ ಅದನ್ನು ರದ್ದುಪಡಿಸಬಹುದು, ಮತ್ತು ಅಷ್ಟೇ ಅವಧಿಯಲ್ಲಿ ಹೆಸರಿನ ಅಕ್ಷರದೋಷವನ್ನೂ ಶುಲ್ಕವಿಲ್ಲದೆ ತಿದ್ದಿಸಬಹುದು. ಆಧಾರ್‌ನಲ್ಲಿ ಒಂದು ಬಗೆ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಬಗೆಯಾಗಿ ಇನಿಷಿಯಲ್ ಇರುವ ನಮ್ಮ ಕಡೆಯ ಹೆಸರುಗಳಿಗೆ ಈ ಅವಕಾಶ ಬಹಳ ಬೇಕಾದದ್ದು. ಆದ್ದರಿಂದ ಹೋಲಿಕೆಯ ತಾಣಗಳಲ್ಲಿ ದರ ನೋಡುವುದು ಸರಿಯಾದರೂ, ಕೊಳ್ಳುವುದು ಸಂಸ್ಥೆಯ ಸ್ವಂತ ತಾಣದಲ್ಲಿಯೇ ಆಗಬೇಕೆಂಬುದು ಈ ಅಂಕಣದ ಖಚಿತ ಅಭಿಪ್ರಾಯ.

ಇನ್ನು ದರದ ವಿಚಾರ. 1953ರ ಏರ್ ಕಾರ್ಪೊರೇಷನ್ಸ್ ಕಾಯ್ದೆ 1994ರಲ್ಲಿ ರದ್ದಾದ ಮೇಲೆ ದೇಶದ ಆಕಾಶ ಖಾಸಗಿ ಸಂಸ್ಥೆಗಳಿಗೆ ತೆರೆದುಕೊಂಡಿತು. ಆದರೆ ರೈಲಿನ ಪ್ರಯಾಣಿಕರಿಗೂ ವಿಮಾನ ಎಟುಕಬಹುದೆಂಬ ನಂಬಿಕೆ ಹುಟ್ಟಿದ್ದು 2003ರಲ್ಲಿ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಬೆಂಗಳೂರಿನಿಂದ ಏರ್ ಡೆಕ್ಕನ್ ಆರಂಭಿಸಿ, ಮುಂದೆ ಕೆಲವು ಸೀಟುಗಳನ್ನು ಒಂದು ರೂಪಾಯಿಯ ಮೂಲದರಕ್ಕೂ ಮಾರಿದಾಗ. ‘ಕೆಲವು ಸೀಟುಗಳು’ ಎಂಬ ಆ ಲೆಕ್ಕವೇ ಇಂದಿಗೂ ದರಪದ್ಧತಿಯ ತಿರುಳಾಗಿದೆ. ಸಂಸ್ಥೆಗಳು ಒಂದೇ ವಿಮಾನದ ಒಂದೇ ದರ್ಜೆಯ ಸೀಟುಗಳನ್ನು ಹಲವು ದರಗಳ ಗುಂಪುಗಳಾಗಿ ವಿಂಗಡಿಸಿ, ಅಗ್ಗದ ಗುಂಪು ಖಾಲಿಯಾದಂತೆ ಮೇಲಿನ ಗುಂಪನ್ನು ತೆರೆಯುತ್ತವೆ. ಇದರಿಂದ ಉಪಯುಕ್ತವಾದ ಒಂದು ಪರಿಣಾಮ ಉಂಟಾಗುತ್ತದೆ: ಐವರಿಗೆ ಒಟ್ಟಿಗೆ ಟಿಕೆಟ್ ಹುಡುಕಿದಾಗ ಅಗ್ಗದ ಗುಂಪಿನಲ್ಲಿ ಮೂರೇ ಸೀಟು ಉಳಿದಿದ್ದರೆ ಗಣಕವ್ಯವಸ್ಥೆ ಸಾಮಾನ್ಯವಾಗಿ ಐವರಿಗೂ ಮೇಲಿನ ದರವನ್ನೇ ತೋರಿಸುತ್ತದೆ. ಆದುದರಿಂದ ಮೊದಲು ಒಬ್ಬರಿಗೆ, ಅನಂತರ ಇಬ್ಬರಿಗೆ, ಮೂವರಿಗೆ ಎಂದು ಹುಡುಕಿ ನೋಡಿ, ದರ ಎಲ್ಲಿ ಏರುತ್ತದೆ ಎಂಬುದನ್ನು ಗುರುತಿಸಿ, ಬೇಕಾದರೆ ಎರಡು ಕಂತುಗಳಲ್ಲಿ ಕೊಳ್ಳುವುದು ಜಾಣತನ. ಮದುವೆ ಮತ್ತು ಯಾತ್ರೆಯ ಗುಂಪುಗಳಿಗೆ ಈ ಕ್ರಮ ಹಲವು ಬಾರಿ ಗಣನೀಯ ಹಣ ಉಳಿಸಿದ್ದನ್ನು ಅಂಕಣಕಾರರು ಸ್ವತಃ ನೋಡಿದ್ದಾರೆ. ಆದರೆ ಮಕ್ಕಳನ್ನು ಮತ್ತು ವಯಸ್ಸಾದವರನ್ನು ಜೊತೆಗಾರರಿರುವ ಕಂತಿನಲ್ಲಿಯೇ ಸೇರಿಸಬೇಕು, ಏಕೆಂದರೆ ವಿಮಾನ ರದ್ದಾದರೆ ಬೇರೆ ಬೇರೆ ಪಿಎನ್‌ಆರ್‌ನವರನ್ನು ಬೇರೆ ಬೇರೆ ವಿಮಾನಗಳಿಗೆ ಕಳುಹಿಸುವ ಸಾಧ್ಯತೆಯಿದೆ.

ಟಿಕೆಟ್ ದರವೊಂದನ್ನೇ ಹೋಲಿಸುವುದು ಅಪೂರ್ಣ ಲೆಕ್ಕ. ಮನೆಯ ಬಾಗಿಲಿನಿಂದ ತಲುಪುವ ಬಾಗಿಲಿನವರೆಗಿನ ಒಟ್ಟು ಖರ್ಚನ್ನು ಹೋಲಿಸಬೇಕು. ವಿರಾಜಪೇಟೆಯ ಕಡೆಯವರಿಗೆ ಮಾಕುಟ್ಟದ ದಾರಿಯಾಗಿ ಕಣ್ಣೂರು ನಿಲ್ದಾಣ, ಕಾರವಾರದವರಿಗೆ ಗೋವಾದ ಎರಡು ನಿಲ್ದಾಣಗಳು, ಬೀದರಿನವರಿಗೆ ಹೈದರಾಬಾದ್ ಬೆಂಗಳೂರಿಗಿಂತ ಬಹಳ ಹತ್ತಿರ. ಇನ್ನು 2016ರಲ್ಲಿ ಘೋಷಿತವಾದ ಉಡಾನ್ ಯೋಜನೆಯು, ಆಯ್ದ ಮಾರ್ಗಗಳಲ್ಲಿ ಒಂದಷ್ಟು ಸೀಟುಗಳ ದರಕ್ಕೆ ಮಿತಿ ಹಾಕಿ ಸಂಸ್ಥೆಯ ನಷ್ಟವನ್ನು ಸರ್ಕಾರ ತುಂಬಿಕೊಡುವ ವ್ಯವಸ್ಥೆಯಾಗಿದ್ದು, ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಗಳಂಥ ಊರುಗಳು ಅದರಿಂದ ಸಂಪರ್ಕ ಪಡೆದವು. ಆದರೆ ಈ ನೆರವು ಕೆಲವು ವರ್ಷಗಳ ಅವಧಿಗೆ ಸೀಮಿತವಾದುದರಿಂದ ಮಾರ್ಗಗಳು ನಿಲ್ಲುವುದೂ ಉಂಟು, ಹಾಗಾಗಿ ಕಳೆದ ವರ್ಷ ಇದ್ದ ವಿಮಾನ ಈ ವರ್ಷವೂ ಇದೆಯೆಂದು ಭಾವಿಸಿ ಮದುವೆಯ ದಿನ ಗೊತ್ತುಮಾಡಬಾರದು. ಬೆಂಗಳೂರಿನಿಂದಲೇ ಹಾರಬೇಕಾದವರಿಗೆ ನಗರದಿಂದ ಬಿಎಂಟಿಸಿಯ ವಾಯುವಜ್ರ, ಮೈಸೂರಿನಂಥ ಊರುಗಳಿಂದ ಕೆಎಸ್ಆರ್‌ಟಿಸಿಯ ಫ್ಲೈಬಸ್ ಇವೆ. ನಸುಕಿನ ವಿಮಾನ ಅಗ್ಗವೆಂದು ಕೊಂಡು, ರಾತ್ರಿಯ ಟ್ಯಾಕ್ಸಿಗೆ ಉಳಿದ ಹಣವನ್ನೆಲ್ಲ ಕೊಡುವುದು ಯಾರಿಗೂ ಲಾಭವಲ್ಲ. ಡಿಸೆಂಬರ್, ಜನವರಿಗಳಲ್ಲಿ ದೇವನಹಳ್ಳಿಯ ಬೆಳಗಿನ ಮಂಜು ಆ ವಿಮಾನಗಳನ್ನೇ ಹೆಚ್ಚಾಗಿ ತಡೆಯುತ್ತದೆ.

ಲಗೇಜಿನ ವಿಚಾರ ಸರಳ. ದೇಶದೊಳಗಿನ ಎಕಾನಮಿ ಪ್ರಯಾಣದಲ್ಲಿ ಸಾಮಾನ್ಯವಾಗಿ 15 ಕಿಲೋ ಚೆಕ್-ಇನ್ ಲಗೇಜಿಗೂ 7 ಕಿಲೋದ ಒಂದು ಕೈಚೀಲಕ್ಕೂ ಅವಕಾಶವಿದ್ದು, ಹೆಚ್ಚಿನ ತೂಕಕ್ಕೆ ಮುಂಚಿತವಾಗಿ ಆನ್‌ಲೈನಿನಲ್ಲಿ ಹಣ ಕಟ್ಟುವುದು ಕೌಂಟರಿನಲ್ಲಿ ಕಟ್ಟುವುದಕ್ಕಿಂತ ಅಗ್ಗ. ಪವರ್ ಬ್ಯಾಂಕ್ ಕೈಚೀಲದಲ್ಲಿಯೇ ಇರಬೇಕು. ಊರಿನಿಂದ ಒಣಕೊಬ್ಬರಿ ಒಯ್ಯುವವರು, ಅದರ ಎಣ್ಣೆಯಂಶ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದೆಂಬ ಕಾರಣಕ್ಕೆ ಅದು ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ ಎಂಬುದನ್ನು ಅರಿತು ಮನೆಯಲ್ಲಿಯೇ ಬಿಡುವುದು ಒಳಿತು. ಸೀಟು ಆರಿಸುವಾಗ ಹಣ ಕೇಳುವ ಪುಟವನ್ನು ದಾಟಿ ಹೋದರೂ ವೆಬ್ ಚೆಕ್-ಇನ್ ಪೂರ್ಣಗೊಳ್ಳುತ್ತದೆ, ಸೀಟು ಸಿಕ್ಕೇ ಸಿಗುತ್ತದೆ. ಗ್ರಾಹಕರು ಕೇಳದ ವಿಮೆಯನ್ನೋ ದೇಣಿಗೆಯನ್ನೋ ಮೊದಲೇ ಟಿಕ್ ಹಾಕಿ ಬಿಲ್ಲಿಗೆ ಸೇರಿಸುವುದನ್ನು 2023ರ ನವೆಂಬರಿನಲ್ಲಿ ಹೊರಬಂದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಗಳು ನಿಷೇಧಿಸಿವೆ. ಆದರೂ ಪಾವತಿಯ ಮೊದಲು ಒಟ್ಟು ಮೊತ್ತವನ್ನು ಬಿಡಿಸಿ ಓದಬೇಕು.

ವಿಮಾನ ತಡವಾದರೆ ಅಥವಾ ರದ್ದಾದರೆ ಪ್ರಯಾಣಿಕರಿಗೆ ಸಲ್ಲುವುದನ್ನು ಇನ್ನಷ್ಟು ವಿವರವಾಗಿ ಹೇಳಬೇಕಿದೆ. ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾದರೆ, ಸಮಯಕ್ಕೆ ಬಂದು ಚೆಕ್-ಇನ್ ಮಾಡಿದವರಿಗೆ ಊಟ ಅಥವಾ ತಿಂಡಿ ಕೊಡಬೇಕು. ಆರು ಗಂಟೆಗಿಂತ ಹೆಚ್ಚು ತಡವೆಂದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣದ ಮರುಪಾವತಿಯ ಆಯ್ಕೆ ಕೊಡಬೇಕು. ನಿಯಮದಂತೆ ಮುಂಚಿತವಾಗಿ ತಿಳಿಸದೆ ರದ್ದುಪಡಿಸಿದರೆ, ಒಂದು ಗಂಟೆಯವರೆಗಿನ ಹಾರಾಟಕ್ಕೆ 5,000, ಎರಡು ಗಂಟೆಯವರೆಗಿನದಕ್ಕೆ 7,500, ಅದಕ್ಕೂ ಮೀರಿದ್ದಕ್ಕೆ 10,000 ರೂಪಾಯಿ, ಅಥವಾ ಮೂಲದರ ಮತ್ತು ಇಂಧನ ಶುಲ್ಕದ ಮೊತ್ತ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಪರಿಹಾರವನ್ನು ಟಿಕೆಟ್ಟಿನ ಹಣದ ಜೊತೆಗೆ ಕೊಡಬೇಕು. ಹವಾಮಾನದಂಥ, ಸಂಸ್ಥೆಯ ಹತೋಟಿ ಮೀರಿದ ಕಾರಣಗಳಿಗೆ ಈ ಪರಿಹಾರ ಅನ್ವಯಿಸುವುದಿಲ್ಲ. ಸಂಪರ್ಕದ ವಿವರ ಸರಿಯಾಗಿ ಕೊಡದವರಿಗೂ ಪರಿಹಾರವಿಲ್ಲ ಎಂಬ ಷರತ್ತು ಇನ್ನೂ ಮುಖ್ಯ: ಸಣ್ಣ ಊರುಗಳಲ್ಲಿ ಏಜೆಂಟರು ಟಿಕೆಟ್ ಮಾಡುವಾಗ ತಮ್ಮದೇ ಮೊಬೈಲ್ ಸಂಖ್ಯೆಯನ್ನು ಹಾಕುವುದು ರೂಢಿಯಾಗಿದ್ದು, ವಿಮಾನ ರದ್ದಾದ ಸಂದೇಶ ಅವರ ಫೋನಿಗೆ ಹೋಗಿ, ವಯಸ್ಸಾದ ತಂದೆತಾಯಿಗಳು ನಿಲ್ದಾಣಕ್ಕೆ ಬಂದು ಕಂಗೆಡುತ್ತಾರೆ. ಏಜೆಂಟರ ಮುಂದೆ ಕುಳಿತಾಗಲೇ ಪ್ರಯಾಣಿಕರ ಅಥವಾ ಅವರ ಮಕ್ಕಳ ಸಂಖ್ಯೆಯನ್ನು ಬರೆಸಬೇಕು.

ಸಂಸ್ಥೆ ಸ್ಪಂದಿಸದಿದ್ದರೆ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ತಾಣದಲ್ಲಿ ಶುಲ್ಕವಿಲ್ಲದೆ ದೂರು ದಾಖಲಿಸಬಹುದು. ಅದಕ್ಕೆ ಪಿಎನ್‌ಆರ್, ಬೋರ್ಡಿಂಗ್ ಪಾಸಿನ ಚಿತ್ರ, ಸಂಸ್ಥೆಯಿಂದ ಬಂದ ಸಂದೇಶಗಳ ಪ್ರತಿ ಮತ್ತು ಮರಳಬೇಕಾದ ಮೊತ್ತದ ಬಿಡಿ ಲೆಕ್ಕ ಜೊತೆಗಿರಬೇಕು. ಅಲ್ಲಿಯೂ ಬಗೆಹರಿಯದಿದ್ದರೆ ವಾಸಸ್ಥಳದ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಹೂಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿರುವುದರಿಂದ, ಹಾವೇರಿಯ ಪ್ರಯಾಣಿಕರೊಬ್ಬರು ಅದಕ್ಕಾಗಿ ಸಂಸ್ಥೆಯ ಕೇಂದ್ರ ಕಚೇರಿಯಿರುವ ದೆಹಲಿಗೋ ಮುಂಬಯಿಗೋ ಅಲೆಯಬೇಕಾಗಿಲ್ಲ.