ತಪ್ಪಲಿನ ಸಂತೆಗೆ ಗಿರಾಕಿಯಾಗಿ

ಬೆಂಗಳೂರಿನ ಬನಶಂಕರಿಯಿಂದ ದಕ್ಷಿಣಕ್ಕೆ ಹೊರಟ ಕನಕಪುರ ರಸ್ತೆ ಸಾತನೂರು, ಹಲಗೂರು, ಮಳವಳ್ಳಿ ದಾಟಿ ಕೊಳ್ಳೇಗಾಲ ಮುಟ್ಟುತ್ತದೆ. ಅಲ್ಲಿಂದ ಒಂದು ದಾರಿ ಹನೂರಿನ ಮೇಲೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋದರೆ, ಇನ್ನೊಂದು ಚಾಮರಾಜನಗರದ ಕಡೆಗೆ; ಅಲ್ಲಿಂದ ಮುಂದೆ ತೆರಕಣಾಂಬಿ, ಗುಂಡ್ಲುಪೇಟೆ. ಜಯನಗರ, ಜೆ.ಪಿ. ನಗರದ ನಮ್ಮ ಜನಕ್ಕೆ ಈ ರಸ್ತೆ ಗೊತ್ತಿರುವುದು ಮೇಕೆದಾಟು, ಚುಂಚಿ ಜಲಪಾತ, ರೆಸಾರ್ಟುಗಳಿಂದ. ನಡುವಿನ ಸಂತೆ ಊರುಗಳು ಕಾರು ನಿಧಾನವಾದಾಗ ಕಿಟಕಿಯಲ್ಲಿ ಕಂಡು ಮರೆಯಾಗುತ್ತವೆ.

ನಮ್ಮ ಬೀದಿಯ ಕೆಲವು ಮನೆಗಳಿಗೆ ರಾಗಿ, ಹುರುಳಿ, ಹುಣಸೆ, ಅರಿಶಿನ ತಂದುಕೊಡುವ ಕೆಲಸವನ್ನು ನಾನು ಬಹಳ ಕಾಲದಿಂದ ಮಾಡಿಕೊಂಡು ಬಂದಿದ್ದೇನೆ. ಅದಕ್ಕಾಗಿ ಈ ತಪ್ಪಲಿನ ಸಂತೆಗಳನ್ನು ಸುತ್ತುತ್ತೇನೆ. ಯಾರಾದರೂ ಜೊತೆಗೆ ಬರುತ್ತೇವೆಂದರೆ ನಾನು ಹಾಕುವ ಷರತ್ತು ಒಂದೇ: ಕೊಳ್ಳಬೇಕಾದ ಸಾಮಾನಿನ ಚೀಟಿ ಇರಬೇಕು. ಚೀಲ ಹಿಡಿದು ಬಂದವರನ್ನು ಸಂತೆಯಲ್ಲಿ ಯಾರೂ ‘ಯಾಕೆ ಬಂದಿರಿ’ ಎಂದು ಕೇಳುವುದಿಲ್ಲ. ಬರಿಗೈಲಿ ನೋಡುತ್ತ ನಿಂತವರಿಗೆ ಅಲ್ಲಿ ನಿಲ್ಲಲೂ ಜಾಗ ಸಿಗುವುದಿಲ್ಲ. ಕೆಳಗಿನ ಪಾಠಗಳೆಲ್ಲ ಆ ಚೀಟಿಯಿಂದಲೇ ಹುಟ್ಟಿದವು.

1. ದಾರಿ ಆಮೇಲೆ, ಮೊದಲು ವಾರ

ಸಂತೆ ಇಲ್ಲದ ದಿನ ಸಂತೆ ಊರಿಗೆ ಹೋದರೆ ಕಾಣುವುದು ಖಾಲಿ ಮೈದಾನ, ಕಲ್ಲು ಕಟ್ಟೆಗಳು, ನಾಲ್ಕು ಅಂಗಡಿ. ಒಂದು ಸೀಮೆಯ ಐದಾರು ಊರುಗಳು ವಾರದ ದಿನಗಳನ್ನು ತಮ್ಮೊಳಗೆ ಹಂಚಿಕೊಂಡಿರುತ್ತವೆ. ಬಳೆ, ಪಾತ್ರೆ, ಸಿದ್ಧ ಉಡುಪು, ಒಣಮೀನು, ಕುಡುಗೋಲು ಮಾರುವವರು ಇಂದು ಈ ಊರು, ನಾಳೆ ಆ ಊರು ಎಂದು ಅದೇ ಸುತ್ತಿನಲ್ಲಿ ತಿರುಗುತ್ತಾರೆ. ಕೊಡಗಿನ ಶನಿವಾರಸಂತೆ, ಸೋಮವಾರಪೇಟೆಗಳು ತಮ್ಮ ದಿನವನ್ನು ಹೆಸರಲ್ಲೇ ಇಟ್ಟುಕೊಂಡಿವೆ. ಮೊರಾಕೊದಲ್ಲಿ ಮರ್ರಾಕೇಶ್‌ಗೆ ದಕ್ಷಿಣದ ಅಟ್ಲಾಸ್ ಪರ್ವತದ ತಪ್ಪಲಲ್ಲೂ ಲೆಕ್ಕ ಇದೇ: ಅಮಿಜ್‌ಮಿಜ್‌ನಲ್ಲಿ ಮಂಗಳವಾರ, ಅಸ್ನಿಯಲ್ಲಿ ಶನಿವಾರ. ಬೆಟ್ಟದ ಮೇಲಿನ ಹಳ್ಳಿಯವರು ವಾರಕ್ಕೊಮ್ಮೆ ಇಳಿದು ಬಂದು, ಬೆಳೆದದ್ದು ಮಾರಿ, ಉಪ್ಪು ಎಣ್ಣೆ ಬಟ್ಟೆ ಕೊಂಡು ಹತ್ತಿ ಹೋಗಬೇಕಾದ ಕಡೆಯಲ್ಲೆಲ್ಲ ಈ ಏರ್ಪಾಟು ತಾನಾಗಿ ಹುಟ್ಟಿರಬೇಕು.

ವಾರ ಗೊತ್ತಿದ್ದರೂ ಹಿಂದಿನ ದಿನ ಒಮ್ಮೆ ವಿಚಾರಿಸಿ. ಮತದಾನದ ದಿನ ಸಂತೆ ನಡೆಸಬಾರದೆಂದು ಜಿಲ್ಲಾಧಿಕಾರಿಗಳ ಆದೇಶ ಬರುತ್ತದೆ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಹಲವು ಜಿಲ್ಲೆಗಳಲ್ಲಿ ದನದ ಸಂತೆಗಳನ್ನೇ ನಿಲ್ಲಿಸಿದ್ದರು. ಇನ್ನು ಯುಗಾದಿ, ಗೌರಿಹಬ್ಬ, ದೀಪಾವಳಿಯ ಹಿಂದಿನ ವಾರ ಕಾಲಿಡಲು ಜಾಗವಿರುವುದಿಲ್ಲ. ಮೊದಲ ಸಲ ಹೋಗುವವರು ಆ ವಾರ ಬಿಟ್ಟು ಹೋಗುವುದು ಒಳ್ಳೆಯದು.

2. ಬಸ್ಸಿನಲ್ಲಿ ಹೋಗಿ

ಮೆಟ್ರೊದ ಹಸಿರು ಮಾರ್ಗ 2021ರ ಜನವರಿಯಿಂದ ರೇಷ್ಮೆ ಸಂಸ್ಥೆಯವರೆಗೆ ಹೋಗುತ್ತದೆ. ಜಯನಗರದವರಿಗೂ ಬನಶಂಕರಿಯವರಿಗೂ ಅರ್ಧ ಗಲಾಟೆ ಅಲ್ಲೇ ಕಳೆಯಿತು. ಮುಂದೆ ಕನಕಪುರ, ಕೊಳ್ಳೇಗಾಲದ ಬಸ್ಸು. ಬಸ್ಸಿನಲ್ಲೇ ಏಕೆ ಎಂದರೆ, ಸಂತೆಯ ಸುದ್ದಿ ಸಂತೆಗಿಂತ ಮೊದಲು ಬಸ್ಸಿನಲ್ಲಿ ಸಿಗುತ್ತದೆ. ಟೊಮೆಟೊ ಬಿದ್ದಿದೆಯೋ ಎದ್ದಿದೆಯೋ, ಹುರುಳಿ ಯಾವ ಕಡೆಯದು ಚೆನ್ನಾಗಿದೆ, ಹೋದ ವಾರ ಹುಣಸೆ ಏನು ರೇಟಿಗೆ ಹೋಯಿತು ಎಂಬುದೆಲ್ಲ ಪಕ್ಕದ ಸೀಟಿನವರ ಬಾಯಲ್ಲಿರುತ್ತದೆ.

2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಈ ಬಸ್ಸುಗಳ ಚಹರೆ ಬದಲಾಗಿದೆ. ಎರಡು ಕುಕ್ಕೆ ಸೊಪ್ಪು ಮಾರಲು ಬಸ್ ಚಾರ್ಜು ಕೊಟ್ಟು ಬಂದರೆ ಗಿಟ್ಟುವುದಿಲ್ಲ ಎಂದು ಊರಲ್ಲೇ ಅಗ್ಗಕ್ಕೆ ಕೊಟ್ಟುಬಿಡುತ್ತಿದ್ದ ಹೆಂಗಸರು ಈಗ ತಾವೇ ಸಂತೆಗೆ ಬಂದು ಕೂರುತ್ತಾರೆ. ಸೀಟಿಗೆ ಜಗಳ ನಡೆಯುತ್ತದೆ, ನಿಂತೇ ಹೋಗಬೇಕಾಗುತ್ತದೆ, ನಿಜ. ಆದರೆ ಆ ಕುಕ್ಕೆಗಳನ್ನು ಕಂಡಾಗ, ನಿಂತು ಹೋಗುವುದರಲ್ಲಿ ನನಗೆ ಒಂದಿಷ್ಟೂ ಬೇಸರವಿಲ್ಲ.

3. ಒಂದೇ ಮೈದಾನದಲ್ಲಿ ಮೂರು ಸಂತೆ

ನಸುಕಿಗೆ ದನ, ಕುರಿ, ಕೋಳಿಯ ವ್ಯಾಪಾರ. ಬಿಸಿಲೇರುವ ಹೊತ್ತಿಗೆ ಅದು ಮುಗಿದು ಹಗ್ಗ, ಗಂಟೆ ಮಾರುವವರಷ್ಟೇ ಉಳಿದಿರುತ್ತಾರೆ. ಬೆಳಿಗ್ಗೆಯ ಹೊತ್ತು ರೈತರು ಮೂಟೆಗಟ್ಟಲೆ ತಂದದ್ದನ್ನು ವರ್ತಕರು ಒಟ್ಟಿಗೆ ಎತ್ತುತ್ತಾರೆ. ಅಲ್ಲಿ ಎರಡು ಕೆ.ಜಿ. ಕೇಳುವವರಿಗೆ ಯಾರೂ ತಲೆಯೆತ್ತಿ ಉತ್ತರ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಮನೆಮಂದಿಯ ಸಂತೆ ಹತ್ತೂವರೆ ಹನ್ನೊಂದರ ಮೇಲೆ. ನಮ್ಮಂಥವರ ಹೊತ್ತು ಅದು. ನಾಲ್ಕರ ನಂತರ ಕೂಲಿ ಮುಗಿಸಿದ ಹೆಂಗಸರು ಬಟವಾಡೆ ಹಣ ಹಿಡಿದು ಬರುತ್ತಾರೆ. ಆಗ ಉಳಿದ ಮಾಲು ಗುಡ್ಡೆ ಲೆಕ್ಕದಲ್ಲಿ ಇಳಿಯುತ್ತದೆ. ಆ ಅಗ್ಗದ ಗುಡ್ಡೆಗೆ ನಗರದಿಂದ ಬಂದ ನಾವು ಕೈ ಹಾಕಬಾರದು ಎನ್ನುವುದು ನನ್ನ ಕಟ್ಟುನಿಟ್ಟು. ಅವರ ವಾರದ ಅಡುಗೆ ಅದರಲ್ಲಿದೆ.

4. ದನದ ಸಂತೆಯಲ್ಲಿ ಕಿವಿ ಸಾಕು, ಬಾಯಿ ಬೇಡ

ಇದು ಹಳ್ಳಿಕಾರ್ ತಳಿಯ ಸೀಮೆ. ನೀಳ ಕೊಂಬು, ಬೂದು ಮೈ, ಕೂತಲ್ಲಿ ಕೂರದ ಚುರುಕು. ಎತ್ತು ಕೊಳ್ಳುವವನು ಮೊದಲು ತುಟಿ ಬಿಡಿಸಿ ಹಲ್ಲು ನೋಡುತ್ತಾನೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಕೊನೆಗೆ ಬಾಯಿಗೂಡಿದ್ದು ಎಂದು ವಯಸ್ಸಿನ ಲೆಕ್ಕ. ಆಮೇಲೆ ಮೈಮೇಲಿನ ಸುಳಿ, ಗೊರಸು, ನಡಿಗೆ. ಅದು ಒಪ್ಪಿಗೆಯಾದರೆ ದಲ್ಲಾಳಿ ಬರುತ್ತಾನೆ. ಹೆಗಲ ಮೇಲಿನ ಟವೆಲನ್ನು ಕೈಮೇಲೆ ಹರವಿ, ಅದರಡಿಯಲ್ಲಿ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಸುತ್ತ ಇಪ್ಪತ್ತು ಜನ ನಿಂತಿದ್ದರೂ ಅಂಕಿ ಇಬ್ಬರಿಗೇ ಗೊತ್ತು.

ಇದನ್ನು ಗುಟ್ಟಿನ ವ್ಯಾಪಾರ, ರೈತನಿಗೆ ಮೋಸ ಎಂದು ಬೈಯುವವರಿದ್ದಾರೆ. ಮೋಸಕ್ಕೆ ಅವಕಾಶ ಇದೆ, ಇಲ್ಲವೆನ್ನಲಾರೆ. ಮಾರುವವನಿಗೊಂದು, ಕೊಳ್ಳುವವನಿಗೊಂದು ಅಂಕಿ ಹೇಳಿ ನಡುವಿನದನ್ನು ಜೇಬಿಗಿಳಿಸುವ ದಲ್ಲಾಳಿ ಎಲ್ಲ ಸಂತೆಯಲ್ಲೂ ಸಿಗುತ್ತಾನೆ. ಆದರೆ ಟವೆಲಿಗೆ ಇನ್ನೊಂದು ಉಪಯೋಗವಿದೆ. ಕಷ್ಟಕ್ಕೆ ಸಿಕ್ಕಿ ಎತ್ತು ಮಾರುವವನು ಕಡಿಮೆಗೆ ಒಪ್ಪಿದ ಸಂಗತಿ ಅವನ ಊರಿನವರ ಕಿವಿಗೆ ಬೀಳುವುದಿಲ್ಲ. ಅವನ ಮಾನವನ್ನೂ, ಮುಂದಿನ ಎತ್ತಿನ ಬೆಲೆಯನ್ನೂ ಆ ಬಟ್ಟೆ ಕಾಯುತ್ತದೆ. ಆದ್ದರಿಂದ ‘ಎಷ್ಟಕ್ಕೆ ಕೊಟ್ರಿ?’ ಎಂದು ಅಲ್ಲಿ ಕೇಳಲೇಬಾರದು. ಹಲ್ಲಿನ ಬಗ್ಗೆ, ಮೇವಿನ ಬಗ್ಗೆ, ತಳಿಯ ಬಗ್ಗೆ ಕೇಳಿ, ಗಂಟೆಗಟ್ಟಲೆ ಹೇಳುತ್ತಾರೆ.

5. ಬೆಲೆ ಇಳಿಸಬೇಡಿ, ಕೊಸರು ಕೇಳಿ

ತನ್ನ ಹಿತ್ತಲಿನ ಸೊಪ್ಪು, ನುಗ್ಗೆ, ಹೀರೆ ತಂದು ಗೋಣಿ ಹಾಸಿ ಕೂತ ಅಜ್ಜಿಯ ಹತ್ತಿರ ಚೌಕಾಸಿ ಮಾಡುವುದು ನನಗೆ ಸರಿಕಾಣುವುದಿಲ್ಲ. ‘ಎಷ್ಟವ್ವಾ?’ ಎಂದರೆ ಬೆಲೆ ಹೇಳುತ್ತಾಳೆ, ಕೊಟ್ಟುಬಿಡಿ. ಆದರೆ ಅಳೆದು ಹಾಕಿದ ಮೇಲೆ ‘ಕೊಸರು ಹಾಕವ್ವಾ’ ಎಂದು ಧಾರಾಳವಾಗಿ ಕೇಳಬಹುದು. ಅದು ಕೊಳ್ಳುವವರ ಹಕ್ಕು. ಅವಳೂ ನಗುತ್ತಲೇ ಒಂದು ಹಿಡಿ ಮೇಲೆ ಹಾಕುತ್ತಾಳೆ. ಬೆಲೆ ಇಳಿಸಿದರೆ ಅವಳ ಮಾಲು ಸಣ್ಣದಾಯಿತು. ಕೊಸರು ಕೇಳಿದರೆ ಕೊಡುವ ಕೈ ಅವಳದಾಯಿತು. ಸಿದ್ಧ ಉಡುಪು, ಪ್ಲಾಸ್ಟಿಕ್, ಪಾತ್ರೆ ಮಾರುವವರ ಲೆಕ್ಕ ಬೇರೆ. ಅವರು ಚೌಕಾಸಿಗೆಂದೇ ಮೇಲಿಟ್ಟು ಹೇಳುತ್ತಾರೆ, ಅಲ್ಲಿ ಹಿಂಜರಿಯಬೇಡಿ.

ಮೆಟ್ರಿಕ್ ಅಳತೆಯ ಕಾಯ್ದೆ 1956ರಲ್ಲೇ ಬಂದರೂ ಪುರಿಗೆ, ಕಡಲೆಕಾಯಿಗೆ, ಕೆಲವು ಕಾಳಿಗೆ ಸೇರು, ಪಾವು ಇನ್ನೂ ಬಿಟ್ಟಿಲ್ಲ. ಕೊಂಡದ್ದು ಎಷ್ಟು ತೂಗುತ್ತದೆ ಎಂದು ಮನೆಯ ತಕ್ಕಡಿಯಲ್ಲಿ ಒಮ್ಮೆ ನೋಡಿಕೊಂಡರೆ ಮುಂದೆ ಬೇರೆ ಸಂತೆಯ ಬೆಲೆ ಹೋಲಿಸಲು ಸಲೀಸು.

6. ಚಿಲ್ಲರೆ

ಹತ್ತು, ಇಪ್ಪತ್ತರ ನೋಟು ಒಂದು ಕಂತೆ ಇರಲಿ. ಕ್ಯೂಆರ್ ಹಲಗೆ ಎಲ್ಲೆಡೆ ಬಂದಿದೆ, ಬೆಟ್ಟದ ಬುಡದಲ್ಲಿ ನೆಟ್‌ವರ್ಕ್ ಮಾತ್ರ ಬಂದು ಹೋಗುತ್ತದೆ. ಜೊತೆಗೆ, ಎಷ್ಟೋ ಅಜ್ಜಿಯರ ಮುಂದಿರುವ ಹಲಗೆ ಮಗನದೋ ಮೊಮ್ಮಗನದೋ ಆಗಿರುತ್ತದೆ. ದುಡ್ಡು ಅವಳ ಸೆರಗಿನ ಗಂಟು ಸೇರಬೇಕೆಂದಿದ್ದರೆ ನೋಟನ್ನೇ ಕೊಡಿ.

7. ಕಾಡಿನ ಗೇಟು ಸಂತೆಯ ಗಡಿಯಾರ

ತೆರಕಣಾಂಬಿಯ ತರಕಾರಿ ಮಾರುಕಟ್ಟೆಗೆ ಹೋದವರು ಒಂದು ಅವಸರವನ್ನು ಗಮನಿಸುತ್ತಾರೆ. ಹರಾಜು, ತೂಕ, ಮೂಟೆ ಹೊಲಿಯುವುದು, ಲೋಡು ಮಾಡುವುದು ಎಲ್ಲಕ್ಕೂ ಯಾರೋ ಹಿಂದೆ ನಿಂತು ಅಟ್ಟುತ್ತಿರುವ ಹಾಗೆ. ಇಲ್ಲಿನ ತರಕಾರಿಯಲ್ಲಿ ದೊಡ್ಡ ಪಾಲು ಕೇರಳಕ್ಕೆ ಹೋಗುತ್ತದೆ. ಗುಂಡ್ಲುಪೇಟೆಯಿಂದ ವಯನಾಡಿಗೂ ಊಟಿಗೂ ಹೋಗುವ ಎರಡು ಹೆದ್ದಾರಿಗಳು ಬಂಡೀಪುರ ಕಾಡಿನೊಳಗೆ ಹಾಯುತ್ತವೆ. ಅಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಒಂಬತ್ತರೊಳಗೆ ಗೇಟು ದಾಟದ ಲಾರಿಯ ಬೀನ್ಸು, ಕೋಸು ರಾತ್ರಿಯೆಲ್ಲ ಈಚೆಗೇ ನಿಂತು ಬಾಡುತ್ತದೆ. ನಮ್ಮ ಕನಕಪುರ ರಸ್ತೆಯೇ ಮುಂದೆ ಚಾಮರಾಜನಗರ ದಾಟಿ ಸತ್ಯಮಂಗಲದ ದಿಂಬಂ ಘಾಟಿ ಇಳಿಯುತ್ತದೆ. ಅಲ್ಲಿಯೂ 2022ರಿಂದ ರಾತ್ರಿ ಸಂಚಾರಕ್ಕೆ ತಡೆಯಿದೆ.

ರಾತ್ರಿ ಹೊತ್ತು ಲಾರಿ ಬಸ್ಸಿನ ಚಕ್ರಕ್ಕೆ ಸಿಕ್ಕಿ ಸಾಯುತ್ತಿದ್ದ ಜಿಂಕೆ, ಆನೆ, ಚಿರತೆಗಳ ಸಲುವಾಗಿ ಬಂದ ನಿಷೇಧ ಇದು. ಇರಬೇಕಾದದ್ದೇ ಎಂದು ನಾನು ನಂಬುತ್ತೇನೆ. ವ್ಯಾಪಾರ ಅದಕ್ಕೆ ಹೊಂದಿಕೊಂಡಿದೆ, ಬೆಳಗಿನ ಕೊಯ್ಲು ಇನ್ನಷ್ಟು ಬೇಗ ಶುರುವಾಗುತ್ತದೆ, ಅಷ್ಟೇ. ಹೋಗುವವರು ತಿಳಿಯಬೇಕಾದದ್ದು ಇಷ್ಟು: ಮಧ್ಯಾಹ್ನದ ಮೇಲೆ ಲೋಡಾಗುವ ಜಾಗದಲ್ಲಿ ಅಡ್ಡ ನಿಂತು ಮಾತಾಡಿಸಬೇಡಿ, ಹಮಾಲರಿಗೆ ದಾರಿ ಬಿಡಿ. ಓಣಂ ಮುಂಚಿನ ಎರಡು ವಾರ ತರಕಾರಿಯ ಜೊತೆ ಚೆಂಡುಹೂವೂ ಕೇರಳಕ್ಕೆ ಹರಿಯುತ್ತದೆ. ಗೋಪಾಲಸ್ವಾಮಿ ಬೆಟ್ಟದ ಬುಡದ ಹೊಲಗಳು ಆಗ ಹಳದಿ ಕೇಸರಿ.

8. ಯಾರ ಊರಿದು ಎಂದು ಅವಸರದಲ್ಲಿ ತೀರ್ಮಾನಿಸಬೇಡಿ

ಕೊಳ್ಳೇಗಾಲ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು, 1997ರಿಂದ ಚಾಮರಾಜನಗರ ಜಿಲ್ಲೆ. ಹಾಗಾಗಿ ರೇಷ್ಮೆ, ಅರಿಶಿನ, ಸಾಂಬಾರ್ ಈರುಳ್ಳಿಯ ವರ್ತಕರು ಒಂದೇ ಮಾತಿನ ಮೊದಲರ್ಧ ಕನ್ನಡದಲ್ಲಿ, ಉಳಿದರ್ಧ ತಮಿಳಿನಲ್ಲಿ ಮುಗಿಸುತ್ತಾರೆ. ಹನೂರಿನ ಕಡೆ ಹೋದರೆ ಒಡೆಯರಪಾಳ್ಯದ ಟಿಬೆಟನ್ ವಸತಿಯವರು ಅಚ್ಚ ಚಾಮರಾಜನಗರದ ಕನ್ನಡದಲ್ಲಿ ಜೋಳದ ಬೆಲೆ ಮಾತಾಡುವುದು ಕೇಳಿಸುತ್ತದೆ.

ಬೆಟ್ಟದಿಂದ ಇಳಿದು ಬರುವ ಸೋಲಿಗರದು ಬೇರೆಯೇ ಕಥೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸಮುದಾಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಜೇನು, ಬೆಟ್ಟದ ನೆಲ್ಲಿ, ಸೀಗೆ, ಪಾಚಿಯನ್ನು ಅವರು ತಮ್ಮ ಲ್ಯಾಂಪ್ಸ್ ಸಹಕಾರ ಸಂಘಗಳ ಮೂಲಕವೂ ಮಾರುತ್ತಾರೆ. ಜೇನು ಬೇಕಿದ್ದವರು ಆ ಸಂಘಗಳಲ್ಲೇ ಕೊಳ್ಳಲಿ. ಸಂತೆಯಲ್ಲಿ ‘ಸೋಲಿಗರ ಜೇನು’ ಎಂದು ಕೂಗುವ ಬಾಟಲಿಯೊಳಗೆ ಎಷ್ಟೋ ಸಲ ಬೆಲ್ಲದ ಪಾಕವೇ ಇರುತ್ತದೆ.

9. ಫೋಟೊ ಕೊನೆಗೆ

ಕೊಂಡು, ಮಾತಾಡಿ, ‘ಒಂದು ಫೋಟೊ ತಗೊಳ್ಲಾ ಅವ್ವಾ?’ ಎಂದು ಕೇಳಿ. ಬೇಡ ಎಂದರೆ ಬೇಡ. ದನದ ಸಂತೆಯಲ್ಲಿ, ಸಾಲ ಸೋಲ ಮಾತಾಡುವ ಕಡೆ ಮೊಬೈಲ್ ಹೊರಗೆ ತೆಗೆಯಲೇಬೇಡಿ.

10. ಸುಂಕದ ಚೀಟಿ ನೋಡಿ, ನೀರು ಎಲ್ಲಿದೆ ಕೇಳಿ

ಸಂತೆಯಲ್ಲಿ ಕೂತ ಪ್ರತಿಯೊಬ್ಬರೂ ಸುಂಕ ಕಟ್ಟುತ್ತಾರೆ. ಆ ವಸೂಲಿಯ ಹಕ್ಕನ್ನು ಗ್ರಾಮ ಪಂಚಾಯಿತಿಯೋ ಪಟ್ಟಣ ಪಂಚಾಯಿತಿಯೋ ವರ್ಷಕ್ಕೊಮ್ಮೆ ಹರಾಜು ಹಾಕುತ್ತದೆ. ಅಷ್ಟು ಹಣ ಹುಟ್ಟುವ ಮೈದಾನದಲ್ಲಿ ನೆರಳಿಲ್ಲ, ಕುಡಿಯುವ ನೀರಿಲ್ಲ. ಶೌಚಾಲಯ ಇದ್ದರೆ ಅದಕ್ಕೆ ಬೀಗ. ಕೋಳಿ ಕೂಗುವ ಹೊತ್ತಿಗೆ ಮನೆ ಬಿಟ್ಟು ಸಂಜೆ ಆರರವರೆಗೆ ಕೂರುವ ಹೆಂಗಸರು ಬೆಳಿಗ್ಗೆಯಿಂದ ನೀರನ್ನೇ ಮುಟ್ಟುವುದಿಲ್ಲ. ಕಾರಣ ಕೇಳಿದರೆ ಮುಖ ತಿರುಗಿಸುತ್ತಾರೆ. ನಾನು ಕಂಡ ಸಂಗತಿಗಳಲ್ಲಿ ನನ್ನನ್ನು ಬಹಳ ನೋಯಿಸಿದ್ದು ಇದು. ಜೆ.ಪಿ. ನಗರದ ಸಾರಕ್ಕಿ ಮಾರುಕಟ್ಟೆಗೆ ಸೊಪ್ಪು ತಂದು ಬೆಳಗಿನ ಜಾವ ರಸ್ತೆ ಬದಿ ಕೂರುವ ಹೆಂಗಸರ ಪಾಡೂ ಬೇರೆಯಲ್ಲ. ಸಂತೆಗೆ ಬಂದ ಹೊರಗಿನವರು ಪಂಚಾಯಿತಿ ಕಚೇರಿಗೆ ಹೋಗಿ ‘ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇದೆ?’ ಎಂದು ಕೇಳಬೇಕು. ಕೇಳಿದವರ ಮಾತಿಗೆ ಬೀಗ ತೆರೆದದ್ದನ್ನು ನಾನು ನೋಡಿದ್ದೇನೆ. ಊರವರ ಮಾತಿಗಿಂತ ಗಿರಾಕಿಯ ಮಾತು ಕೆಲವೊಮ್ಮೆ ಬೇಗ ಕೇಳಿಸುತ್ತದೆ.

11. ತಿಂಗಳು ನೋಡಿ ಚೀಟಿ ಬರೆಯಿರಿ

ಧನುರ್ಮಾಸಕ್ಕೆ ಸೊಗಡಿನ ಅವರೆ. ಸಂಕ್ರಾಂತಿ ಕಳೆದ ಮೇಲೆ ಹೊಸ ರಾಗಿ, ಹುರುಳಿ. ಆಮೇಲೆ ಯುಗಾದಿಯವರೆಗೆ ಹೊಸ ಹುಣಸೆ, ಅರಿಶಿನ. ಹುಣಸೆ ತಿಳಿಗೆಂಪಾಗಿದ್ದರೆ ಹೊಸದು, ಕಪ್ಪಗಿದ್ದರೆ ಹಳೆಯದು. ಸಾರಿಗೆ ಹಳೆಯದೇ ರುಚಿ ಎನ್ನುವ ಮನೆಗಳೂ ನಮ್ಮ ಬೀದಿಯಲ್ಲಿವೆ, ಅವರವರಿಗೆ ಬೇಕಾದ್ದು ಬರೆದುಕೊಳ್ಳಿ. ಶಿವರಾತ್ರಿಯ ಹಿಂದಿನ ದಿನಗಳಲ್ಲಿ ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಭಕ್ತರು ಕನಕಪುರ, ಸಂಗಮದ ಮೇಲೆ ಕಾವೇರಿ ದಾಟಿ ಬೆಟ್ಟಕ್ಕೆ ನಡೆದು ಹೋಗುತ್ತಾರೆ. ಆ ವಾರ ಹನೂರು ಕಡೆಯ ಬಸ್ಸಿನಲ್ಲಿ ಮೂಟೆಗೆ ಜಾಗ ಸಿಗದು. ಏಪ್ರಿಲ್ ಕೊನೆಯಿಂದ ಕನಕಪುರ ಸೀಮೆಯ ಮಾವು. ಆಷಾಢದಲ್ಲಿ ಮದುವೆಗಳಿಲ್ಲದೆ ಪಾತ್ರೆ, ಬಟ್ಟೆಯವರಿಗೆ ವ್ಯಾಪಾರ ಮಂದ. ಹಿತ್ತಾಳೆ ಪಾತ್ರೆ, ಈಳಿಗೆಮಣೆ, ಕಂಬಳಿ ಬೇಕಿದ್ದವರು ಆ ತಿಂಗಳೇ ಹೋಗಲಿ. ಆಗ ಅವರಿಗೂ ಕೂತು ಮಾತಾಡಲು ಪುರುಸೊತ್ತಿರುತ್ತದೆ, ಬೆಲೆಯೂ ಹದವಾಗಿರುತ್ತದೆ.