ಮೀಸೆ ಅಂಟಿಸಿದ ಮೇಲಿನ ಕೆಲಸ

ಹವ್ಯಾಸಿ ತಂಡಗಳಿಗೆ ನಾಟಕ ಕಟ್ಟಿಸುತ್ತ, ಬೇಸಿಗೆಯಲ್ಲಿ ಅಭಿನಯ ಶಿಬಿರ ನಡೆಸುತ್ತ 26 ವರ್ಷವಾಯಿತು. ನಿಜವಾಗಿ ಬದುಕಿ ಹೋದ ಮನುಷ್ಯರನ್ನು ರಂಗದ ಮೇಲೆ ತರುವುದು ನನಗೆ ಬಲು ಇಷ್ಟದ ಕೆಲಸ. ನನಗೆ ಹೆಚ್ಚು ಪೆಟ್ಟು ಬಿದ್ದಿರುವುದೂ ಅದರಲ್ಲೇ. ಮೇಘನಾ ಗುಲ್ಜಾರ್ ನಿರ್ದೇಶನದ ‘ಸ್ಯಾಮ್ ಬಹದ್ದೂರ್’ 2023ರ ಡಿಸೆಂಬರ್ 1ರಂದು ತೆರೆಕಂಡಾಗ ಮೊದಲ ವಾರವೇ ನೋಡಿದೆ. ಆಮೇಲೆ ಶಿಬಿರದ ಹುಡುಗ ಹುಡುಗಿಯರ ಜತೆ ಕೂತು ಇನ್ನೆರಡು ಸಲ ನೋಡಿದೆ. ಫೀಲ್ಡ್ ಮಾರ್ಷಲ್ ಸ್ಯಾಮ್ ಮಾಣೆಕ್‌ಷಾ ಪಾತ್ರದಲ್ಲಿ ವಿಕ್ಕಿ ಕೌಶಲ್ ಮೂರು ಸಲವೂ ಮನಸ್ಸು ಗೆದ್ದರು, ಚಿತ್ರ ಮೂರು ಸಲವೂ ಅಲ್ಲಲ್ಲಿ ಕೈಕೊಟ್ಟಿತು. ಇವೆರಡೂ ಒಟ್ಟಿಗೆ ಹೇಗೆ ಆಗುತ್ತವೆ ಎಂದು ಯೋಚಿಸುತ್ತ ಹೋದಂತೆ ನನ್ನ ನಾಟಕಗಳೇ ಕಣ್ಣೆದುರು ಬಂದವು.

1. ಮೊದಲು ಬೆನ್ನು, ಆಮೇಲೆ ಮೀಸೆ

ಚರಿತ್ರೆಯ ಪಾತ್ರ ಕೊಟ್ಟ ಕೂಡಲೇ ಹುಡುಗರು ಕೇಳುವುದು ಮೀಸೆ, ಪೇಟ, ಕೋಟು. ನಾನು ಮೂರು ವಾರ ಅವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯುವುದೇ ಇಲ್ಲ. ವಿಕ್ಕಿ ಕೌಶಲ್ ನಡೆದು ಬರುವ ಒಂದು ಕಡೆ ಧ್ವನಿ ಪೂರ್ತಿ ಇಳಿಸಿ ಶಿಬಿರದವರಿಗೆ ತೋರಿಸಿದೆ. ಭುಜ ಸ್ವಲ್ಪ ಮುಂದಕ್ಕೆ ಬಾಗಿದೆ, ಕುತ್ತಿಗೆ ಇನ್ನೂ ಮುಂದೆ ಚಾಚಿದೆ, ಹೆಜ್ಜೆ ಉದ್ದ ಮತ್ತು ಚುರುಕು. ಕಾಲಿಗಿಂತ ಮೊದಲು ತಲೆ ಬಾಗಿಲು ದಾಟುತ್ತದೆ. ಸೈನಿಕ ಎಂದರೆ ಎದೆ ಸೆಟೆಸಿ ನಿಲ್ಲುವವನು ಎಂಬ ನಮ್ಮೆಲ್ಲರ ಲೆಕ್ಕಕ್ಕೆ ಇದು ಸರಿಯಾಗಿ ಉಲ್ಟಾ. ಹಿಂದಿನ ಸಾಲಿನ ಹುಡುಗನೊಬ್ಬ, “ಸರ್, ಇವ್ರು ಯೂನಿಫಾರ್ಮ್ ಹಾಕ್ಕೊಂಡಿಲ್ಲ, ಅದು ಇವ್ರ ಮೈಮೇಲೇ ಬೆಳೆದಿದೆ” ಎಂದ. ಅದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಓದಿಲ್ಲ.

ಈ ಚಿತ್ರದ ಮೇಕಪ್‌ಗೂ ವಸ್ತ್ರವಿನ್ಯಾಸಕ್ಕೂ 71ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಬಂದಿದೆ, ಬರಬೇಕಾದದ್ದೇ. ಆದರೆ ವಯಸ್ಸು ಬಣ್ಣದಲ್ಲಿ ಕಾಣುವುದಕ್ಕಿಂತ ಹೆಚ್ಚು ಮೊಣಕಾಲಿನಲ್ಲಿ ಕಾಣುತ್ತದೆ. ಒಮ್ಮೆ 24 ವರ್ಷದ ಹುಡುಗನಿಂದ 70ರ ಮುದುಕನ ಪಾತ್ರ ಮಾಡಿಸಬೇಕಿತ್ತು. ಬಲಗಾಲಿನ ಚಪ್ಪಲಿಯ ಮೇಲೆ ಹುಣಸೆಬೀಜ ಅಂಟಿಸಿ ತಾಲೀಮು ಮಾಡಿಸಿದೆ. ಮೊದಲ ವಾರ ಕುಂಟಿದ. ಎರಡನೆಯ ವಾರ ಕುಂಟುವುದನ್ನು ಮುಚ್ಚಿಡಲು ಕಲಿತ. ಆ ಮುಚ್ಚಿಡುವಿಕೆಯಲ್ಲಿ ಮುದುಕ ಸಿಕ್ಕಿದ. ಪ್ರದರ್ಶನದ ದಿನ ಬೀಜ ತೆಗೆದೆವು, ನಡಿಗೆ ಉಳಿಯಿತು.

2. ಧ್ವನಿಮುದ್ರಣ ಇಲ್ಲದ ಜಾಗದಲ್ಲಿ ನಟನ ಪರೀಕ್ಷೆ

ಮಾಣೆಕ್‌ಷಾ ಇಳಿವಯಸ್ಸಿನಲ್ಲಿ ಮಾತಾಡಿದ ಸಂದರ್ಶನಗಳು, ಭಾಷಣಗಳು ಇವೆ. ಆ ತುಂಡು ತುಂಡು ಇಂಗ್ಲಿಷ್, ಕಣ್ಣಂಚಿನ ತುಂಟತನ, ಮಾತಿನ ಕೊನೆಗೆ ತಲೆ ಓರೆ ಮಾಡುವುದನ್ನೆಲ್ಲ ನೋಡಿ ಕಲಿಯಬಹುದು. ಕಲಿತದ್ದು ಒಂದು ಗುಲಗಂಜಿ ಹೆಚ್ಚಾದರೂ ನಕಲು ಇಣುಕುತ್ತದೆ. ಚಿತ್ರದ ಒಂದೆರಡು ಕಡೆ ಆ ಓರೆ ತಲೆಯಲ್ಲಿ ನನಗೆ ದೇವಾನಂದ್ ಕಂಡದ್ದುಂಟು.

ಆದರೆ 1942ರ ಫೆಬ್ರವರಿಯಲ್ಲಿ ಬರ್ಮಾದ ಸಿತ್ತಾಂಗ್ ನದಿಯ ಬಳಿ ಜಪಾನೀಯರ ಗುಂಡುಗಳು ಹೊಟ್ಟೆಗೆ ಹೊಕ್ಕಾಗ ಸ್ಯಾಮ್‌ಗೆ 27 ವರ್ಷ. ಬದುಕುವುದಿಲ್ಲವೆಂದು ಮೇಜರ್ ಜನರಲ್ ಕೋವನ್ ತಮ್ಮದೇ ಮಿಲಿಟರಿ ಕ್ರಾಸ್ ರಿಬ್ಬನ್ ತೆಗೆದು ಇವರಿಗೆ ಚುಚ್ಚಿದರು. ಸೇವಕ ಸಿಪಾಯಿ ಶೇರ್ ಸಿಂಗ್ ಹೊತ್ತು ತಂದ. ಏನಾಯಿತೆಂದು ವೈದ್ಯ ಕೇಳಿದರೆ ಹೇಸರಗತ್ತೆ ಒದೆಯಿತು ಎಂದರಂತೆ. ಆ ಹೊತ್ತಿನ ಧ್ವನಿ ಎಲ್ಲೂ ದಾಖಲಾಗಿಲ್ಲ. ನಟ ತನ್ನೊಳಗಿನಿಂದಲೇ ತರಬೇಕು. ವಿಕ್ಕಿ ಅಲ್ಲಿ ನಕಲಿನಿಂದ ಪೂರ್ತಿ ಬಿಡುಗಡೆಯಾಗಿದ್ದಾರೆ. ನೋವನ್ನು ಅದುಮಿ ತಮಾಷೆಯಾಡುವವನ ಮುಖದಲ್ಲಿ ತಮಾಷೆಗಿಂತ ಒಂದು ಗಳಿಗೆ ಮೊದಲು ಭಯ ಹಾದುಹೋಗಬೇಕು. ಇಲ್ಲಿ ಹಾದುಹೋಗುತ್ತದೆ.

3. ಎದುರು ಅರ್ಥಧಾರಿ ಗಟ್ಟಿ ಇರಬೇಕು

ಎಲ್ಲಕ್ಕಿಂತ ದೊಡ್ಡ ಪಾಠ ಇದು, ನಾನು ಎಲ್ಲಕ್ಕಿಂತ ತಡವಾಗಿ ಕಲಿತದ್ದೂ ಇದೇ.

ವರ್ಷಗಳ ಹಿಂದೆ ನಮ್ಮ ಭಾಗದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮೇಲೆ ನಾಟಕ ಬರೆಸಿ ಆಡಿಸಿದೆ. ಸಾಮಗ್ರಿಯೆಲ್ಲ ಅವರ ಮನೆಯವರು ಹೇಳಿದ ಪ್ರಸಂಗಗಳು. ಒಂದಕ್ಕಿಂತ ಒಂದು ಚಂದ. ಮುಖ್ಯ ಪಾತ್ರದ ಹುಡುಗ ಜೀವ ಬಿಟ್ಟು ಮಾಡಿದ, ಚಪ್ಪಾಳೆಯೂ ಬಿತ್ತು. ಆದರೆ ಅರ್ಧ ಗಂಟೆ ಕಳೆಯುವುದರೊಳಗೆ ಸಭೆಯಲ್ಲಿ ಕುರ್ಚಿಗಳು ಕಿರುಗುಟ್ಟತೊಡಗಿದವು. ಆಟ ಮುಗಿದ ಮೇಲೆ ಹಿರಿಯರೊಬ್ಬರು ಗ್ರೀನ್ ರೂಮಿಗೆ ಬಂದು ನನ್ನ ಕೈ ಹಿಡಿದು, “ಹುಡುಗ ಬಂಗಾರದಂಥಾವ ಮೇಷ್ಟ್ರೇ. ಆದ್ರೆ ಅವನಿಗೆ ಸೋಲೋ ಭಯಾನೇ ಇರ್ಲಿಲ್ವಲ್ಲ” ಎಂದರು. ಮನೆಗೆ ಹೋಗಿ ಹಸ್ತಪ್ರತಿ ತೆರೆದೆ. ಹದಿನಾಲ್ಕು ದೃಶ್ಯಗಳಲ್ಲಿ ಹನ್ನೆರಡು ನಾಯಕನ ಮಾತಿನಿಂದಲೇ ಮುಗಿಯುತ್ತಿದ್ದವು. ಒಬ್ಬನ ಬಗ್ಗೆ ಅವನ ಕಡೆಯವರು ಹೇಳುವ ಕತೆಯಲ್ಲಿ ಕೊನೆಯ ಮಾತು ಯಾವಾಗಲೂ ಅವನದೇ ಆಗಿರುತ್ತದೆ.

‘ಸ್ಯಾಮ್ ಬಹದ್ದೂರ್’ ಚಿತ್ರದ ತೊಡಕೂ ಇದೇ. 1971ರ ಏಪ್ರಿಲ್‌ನಲ್ಲಿ ಇಂದಿರಾ ಗಾಂಧಿ ಪೂರ್ವ ಪಾಕಿಸ್ತಾನಕ್ಕೆ ಸೇನೆ ನುಗ್ಗಿಸುವಿರಾ ಎಂದು ಕೇಳಿದರು, ಸ್ಯಾಮ್ ಮಳೆಗಾಲ, ಹಿಮಾಲಯದ ಕಣಿವೆ, ಸಿದ್ಧತೆಯ ಲೆಕ್ಕ ಒಪ್ಪಿಸಿ ಆಗದು ಎಂದರು. ಈ ಪ್ರಸಂಗ ನಮಗೆ ಮುಖ್ಯವಾಗಿ ಬಂದಿರುವುದು ಮಾಣೆಕ್‌ಷಾ ಅವರೇ ಮುಂದೆ ಹೇಳಿದ ಮಾತುಗಳಿಂದ. ಆ ಹೊತ್ತಿಗೆ ತಕ್ಷಣ ಯುದ್ಧಕ್ಕೆ ಹೋಗುವ ಮನಸ್ಸು ಇಂದಿರಾ ಅವರಿಗೂ ಇರಲಿಲ್ಲ ಎಂದು ಇತಿಹಾಸಕಾರ ಶ್ರೀನಾಥ್ ರಾಘವನ್ ವಾದಿಸಿದ್ದಾರೆ. ನಾಟಕಕಾರನಿಗೆ ಇದು ಹೊನ್ನಿನ ಗಣಿ. ಅಧಿಕಾರದಲ್ಲಿರುವ ಒಬ್ಬ ಗಟ್ಟಿ ಹೆಂಗಸು ಲೆಕ್ಕ ಹಾಕುತ್ತಿದ್ದಾಳೆ, ಎದುರಿಗೆ ಒಬ್ಬ ಗಟ್ಟಿ ದಂಡನಾಯಕ ಇನ್ನೊಂದು ಲೆಕ್ಕ ಹಾಕುತ್ತಿದ್ದಾನೆ. ಚಿತ್ರದಲ್ಲಿ ಇಂದಿರಾ ಪಾತ್ರದ ಫಾತಿಮಾ ಸನಾ ಶೇಖ್‌ಗೆ ಸಿಕ್ಕಿರುವುದು ಬಹುಪಾಲು ಕೇಳಿಸಿಕೊಳ್ಳುವ ಕೆಲಸ. ವಿಕ್ಕಿ ಎಷ್ಟು ಚೆನ್ನಾಗಿ ಮಾತಾಡಿದರೂ ಆ ಮಾತು ಗೋಡೆಗೆ ತಾಗಿ ವಾಪಸು ಬರುವುದಿಲ್ಲ.

ತಾಳಮದ್ದಳೆ ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕೃಷ್ಣನ ಅರ್ಥ ಹೇಳುವವರು ಎಷ್ಟೇ ದೊಡ್ಡವರಾಗಲಿ, ಕೌರವ ಸಪ್ಪೆಯಾದರೆ ಸಂಧಾನದ ಪ್ರಸಂಗ ಏಳುವುದಿಲ್ಲ.

ಇನ್ನೊಂದು ಅವಕಾಶವೂ ಕೈತಪ್ಪಿದೆ. ದೇಶ ಇಬ್ಭಾಗವಾಗುವ ಮೊದಲು ಸ್ಯಾಮ್ ಮತ್ತು ಮುಂದೆ ಪಾಕಿಸ್ತಾನದ ಅಧ್ಯಕ್ಷರಾದ ಯಾಹ್ಯಾ ಖಾನ್ ಒಂದೇ ಸೇನೆಯ ಅಧಿಕಾರಿಗಳು. ಸ್ಯಾಮ್‌ರ ಮೋಟರ್ ಸೈಕಲ್ಲನ್ನು ಯಾಹ್ಯಾ 1,000 ರೂಪಾಯಿಗೆ ಕೊಂಡು ದುಡ್ಡು ಕೊಡಲಿಲ್ಲವೆಂಬ ಕತೆ ಪ್ರಸಿದ್ಧ. 24 ವರ್ಷದ ನಂತರ ಇಬ್ಬರೂ ಎರಡು ದೇಶಗಳ ಪಡೆಗಳನ್ನು ಎದುರುಬದುರು ನಿಲ್ಲಿಸುತ್ತಾರೆ. ಇಡೀ ಚಿತ್ರವನ್ನು ಈ ಗೆಳೆತನದ ಮೇಲೆ ನಿಲ್ಲಿಸಬಹುದಿತ್ತು. ಯಾಹ್ಯಾ ಪಾತ್ರಕ್ಕೆ ಮೊಹಮ್ಮದ್ ಜೀಶಾನ್ ಅಯ್ಯೂಬ್‌ರಂಥ ನಟ ಕೈಯಲ್ಲಿದ್ದರು. ಅವರಿಗೆ ಮೊದಲಿಗೊಂದಿಷ್ಟು, ಕೊನೆಗೊಂದಿಷ್ಟು ಜಾಗ ಸಿಕ್ಕಿದೆ. ನಡುವಿನ ಮನುಷ್ಯ ಎಲ್ಲಿ ಎಂದು ನನಗೆ ಮೂರು ಸಲವೂ ಹೊಟ್ಟೆ ಉರಿಯಿತು.

4. ಇಡೀ ಜೀವನ ಹೇಳಲು ಹೋಗಬಾರದು

ಡೆಹ್ರಾಡೂನಿನ ಅಕಾಡೆಮಿಗೆ 1932ರಲ್ಲಿ ಸೇರಿದಲ್ಲಿಂದ 1973ರಲ್ಲಿ ಫೀಲ್ಡ್ ಮಾರ್ಷಲ್ ಆಗುವವರೆಗೆ 41 ವರ್ಷ. ಚಿತ್ರದ ಉದ್ದ ಸುಮಾರು ಎರಡೂವರೆ ಗಂಟೆ. ಬರ್ಮಾ, ವಿಭಜನೆ, ಕಾಶ್ಮೀರ, ಸ್ಯಾಮ್ ಮೇಲಿನ ವಿಚಾರಣೆ, ಚೀನಾ ಯುದ್ಧ, ಬಾಂಗ್ಲಾ, ಎಲ್ಲವೂ ಬಂದು ಹೋಗುತ್ತವೆ. ಬಸ್ಸಿನ ಕಿಟಕಿಯಿಂದ ಊರುಗಳನ್ನು ನೋಡಿದ ಹಾಗೆ. ಹೆಂಡತಿ ಸಿಲೂ ಪಾತ್ರ ಮಾಡಿದ ಸಾನ್ಯಾ ಮಲ್ಹೋತ್ರಾಗೆ ಆ ಬಸ್ಸಿನಲ್ಲಿ ಕೂರಲೂ ಜಾಗವಿಲ್ಲ.

ಚರ್ಚಿಲ್ ಮೇಲಿನ ‘ಡಾರ್ಕೆಸ್ಟ್ ಅವರ್’ 2017ರ ಚಿತ್ರ. ಗ್ಯಾರಿ ಓಲ್ಡ್‌ಮನ್‌ಗೆ ಆಸ್ಕರ್ ತಂದುಕೊಟ್ಟಿತು. ಅದೂ ಏರುಪೇರಿನದೇ. ಚರ್ಚಿಲ್ ಸುರಂಗ ರೈಲು ಹತ್ತಿ ಜನರ ಅಭಿಪ್ರಾಯ ಕೇಳುವ ದೃಶ್ಯ ಶುದ್ಧ ಕಲ್ಪನೆ, ಅಲ್ಲಿ ಚಿತ್ರ ಜಾರುತ್ತದೆ. ಆದರೂ ಕತೆ 1940ರ ಮೇ ತಿಂಗಳನ್ನು ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ, ಸಂಧಾನಕ್ಕೆ ಒತ್ತಾಯಿಸುವ ಹ್ಯಾಲಿಫ್ಯಾಕ್ಸ್ ಪ್ರತಿ ಬಾಗಿಲಲ್ಲೂ ನಿಂತಿರುತ್ತಾನೆ. ಓಲ್ಡ್‌ಮನ್‌ಗೆ ಗುದ್ದಾಡಲು ಗೋಡೆ ಸಿಕ್ಕಿತು.

5. ನಿಜದ ಚಿತ್ರವನ್ನು ನಟನ ಪಕ್ಕಕ್ಕೆ ತರುವಾಗ ಎಚ್ಚರ

ಮೇಘನಾ ಗುಲ್ಜಾರ್ ಹಳೆಯ ಸಾಕ್ಷ್ಯಚಿತ್ರಗಳ ತುಣುಕುಗಳನ್ನು ನಡುನಡುವೆ ಹೆಣೆದಿದ್ದಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. 1971ರ ಯುದ್ಧ 13 ದಿನ ನಡೆಯಿತು, 93,000 ಮಂದಿ ಸೆರೆ ಸಿಕ್ಕರು, ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿ ಪತ್ರಕ್ಕೆ ಸಹಿ ಪಡೆದವರು ಜನರಲ್ ಅರೋರಾ. ಸ್ಯಾಮ್ ಅಲ್ಲಿರಲಿಲ್ಲ. ಸೇನಾ ಮುಖ್ಯಸ್ಥನ ಯುದ್ಧ ನಕಾಶೆ ಮತ್ತು ಟೆಲಿಫೋನಿನ ಯುದ್ಧ. ಕತೆ ತುತ್ತತುದಿ ಮುಟ್ಟುವಾಗಲೇ ನಾಯಕ ಕೋಣೆಯೊಳಗಿದ್ದಾನೆ. ಹಾಡು ಮತ್ತು ತುಣುಕುಗಳಿಂದ ಆ ಹಳ್ಳ ತುಂಬಿಸಲು ನೋಡಿದ್ದಾರೆ, ತುಂಬಿಲ್ಲ. ಟೆಲಿಫೋನಿನ ಮುಂದೆ ಸುದ್ದಿಗೆ ಕಾಯುವ ಒಬ್ಬ ಮುಖ್ಯಸ್ಥನನ್ನು ಐದು ನಿಮಿಷ ನಮ್ಮೆದುರು ಕೂರಿಸಿದ್ದರೆ ಸಾಕಿತ್ತು. ಈ ನಟ ಅದನ್ನು ಹೊರುತ್ತಿದ್ದರು. ‘ಸರ್ದಾರ್ ಉಧಮ್’ ಚಿತ್ರದ ಜಲಿಯನ್‌ವಾಲಾ ಬಾಗ್ ರಾತ್ರಿಯಲ್ಲಿ ಕೈಗಾಡಿ ತಳ್ಳುತ್ತ, ಹೆಚ್ಚು ಮಾತಿಲ್ಲದೆ ಅವರು ಏನು ಮಾಡಬಲ್ಲರು ಎಂದು ನೋಡಿದ್ದೇವೆ.

ನನ್ನ ಆ ನಾಟಕದ ಕೊನೆಗೂ ಹೋರಾಟಗಾರರ ನಿಜವಾದ ಫೋಟೊವನ್ನು ಪರದೆಯ ಮೇಲೆ ಬೀಳಿಸಿದ್ದೆ. ಜನ ಎದ್ದು ನಿಂತು ಫೋಟೊಗೆ ಕೈಮುಗಿದರು. ಎರಡು ತಿಂಗಳು ಬೆವರು ಸುರಿಸಿದ ಹುಡುಗ ಕತ್ತಲಲ್ಲಿ ಒಂದು ಬದಿಗೆ ನಿಂತಿದ್ದ. ಅಂದಿನಿಂದ ಆ ಪರದೆ ಕಟ್ಟಿಲ್ಲ.

6. ಬರೆಯುವವರಿಗೆ ಒಂದು ಬೇಡಿಕೆ

ಮಡಿಕೇರಿಯ ‘ಸನ್ನಿ ಸೈಡ್’ ಜನರಲ್ ಕೆ.ಎಸ್. ತಿಮ್ಮಯ್ಯನವರ ಮನೆ, ಈಗ ವಸ್ತುಸಂಗ್ರಹಾಲಯ. ಕನ್ನಡದಲ್ಲಿ ನಾಟಕ, ಸಿನಿಮಾ ಬರೆಯುವ ಗೆಳೆಯರು ಒಮ್ಮೆ ಅಲ್ಲಿ ಹೋಗಿ ನಿಲ್ಲಬೇಕು. ಕೊರಿಯಾದಲ್ಲಿ ಯುದ್ಧಕೈದಿಗಳ ಆಯೋಗ, ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜತೆಗಿನ ತಿಕ್ಕಾಟ, 1965ರಲ್ಲಿ ಸೈಪ್ರಸ್‌ನಲ್ಲಿ ಸಾವು, ಎಲ್ಲವೂ ಬರೆಯಿರಿ ಎಂದು ಕರೆಯುತ್ತವೆ. ದಯವಿಟ್ಟು ಎಲ್ಲವನ್ನೂ ಬರೆಯಬೇಡಿ. 1948ರ ನವೆಂಬರ್ 1ರಂದು ಅವರ ಪಡೆ ಹಿಮದ ನಡುವೆ ಜೋಜಿಲಾ ಕಣಿವೆಯ ದಾರಿಗೆ ಟ್ಯಾಂಕುಗಳನ್ನೇ ಏರಿಸಿತು. ಅದಕ್ಕಿಂತ ಹಿಂದಿನ ಕೆಲವು ವಾರಗಳು ಸಾಕು. ಟ್ಯಾಂಕು ಅಲ್ಲಿಗೆ ಹತ್ತದು ಎಂದು ಬಲವಾದ ಕಾರಣ ಕೊಟ್ಟು ವಾದಿಸುವ ಒಂದು ಪಾತ್ರವನ್ನು ತಿಮ್ಮಯ್ಯನವರಷ್ಟೇ ಪ್ರೀತಿಯಿಂದ ಬರೆಯಿರಿ. ನಟನನ್ನು ನಾನು ತಯಾರು ಮಾಡಿಕೊಡುತ್ತೇನೆ.